ಗೇಟಿನ ತನಕ ಬಂದವಳು

ಒಂದು ಊರಿತ್ತಂತೆ, ನದಿಯ ಈಚೆ ದಡದಲ್ಲಿ. ಯಾವ ಊರು ಅಂತ ಕೇಳಬಾರದು, ಕೇಳಿದರೆ ಅದು ಇನ್ನೂ ದೂರ ಹೋಗಿಬಿಡುತ್ತದೆ. ಆ ಊರಿನ ಕೊನೇ ಮನೆಯಲ್ಲಿ ಒಂದು ಮಗುವಿಗೆ ಮೈ ಸುಡುವಂಥ ಜ್ವರ. ಔಷಧಿ ಸಿಗುವುದು ನದಿಯ ಆಚೆ. ತಾಯಿ ಮಗುವನ್ನು ಗಂಡನ ತೊಡೆಯ ಮೇಲೆ ಮಲಗಿಸಿ, "ಅಡುಗೆಮನೆ ದೀಪ ಆರಿಸಬೇಡಿ, ಅದನ್ನೇ ನೋಡ್ಕೊಂಡು ವಾಪಸ್ ಬರ್ತೀನಿ" ಅಂತ ಹೇಳಿ ದೋಣಿ ಹತ್ತಿದಳು. ಔಷಧಿ ಸಿಕ್ಕಿತು. ಬರುವಾಗ ಹಿಮ ಬೀಳತೊಡಗಿತು, ದೋಣಿಯವನು ಮನೆಗೆ ಹೋಗಿಬಿಟ್ಟಿದ್ದ, ನದಿ ಕಲ್ಲಾಗಿತ್ತು. ಅವಳು ನದಿಯ ಮೇಲೆ ಕಾಲಿಟ್ಟು ನಡೆದಳು. ಕೆಳಗೆ ನೀರು ಮಾತಾಡುವುದು ಕೇಳಿಸುತ್ತಿತ್ತು. ದೂರದಲ್ಲಿ ದೀಪ ಕಂಡಿತು. ನಡೆದಳು, ನಡೆದಳು, ಗೇಟಿನ ತನಕ ಬಂದಳು. ಚಿಲಕದ ಮೇಲೆ ಕೈ ಇಟ್ಟಳು.

"ಆಮೇಲೆ ಅಜ್ಜಿ?"

"ಆಮೇಲೆ ಸಣ್ಣಗಾಗೋಯ್ತು ಮಗಾ."

ನಮ್ಮಜ್ಜಿಯ ಕತೆಗಳೆಲ್ಲ ಹೀಗೇ. ಮುಗಿಯುತ್ತಿರಲಿಲ್ಲ, ಸಣ್ಣಗಾಗುತ್ತಿದ್ದವು. ರೈಲಿನ ಹೊಗೆಯಲ್ಲಿ ಸತ್ತ ಹೆಂಡತಿಯ ಮುಖ ಕಂಡ ಡ್ರೈವರು, ಜೂಜಿನಲ್ಲಿ ಕುದುರೆ ಸೋತು ಅದರ ಹಿಂದೆಯೇ ನಡೆದುಹೋದವನು, ಎಲ್ಲರೂ ದಾರಿಯ ಮಧ್ಯದಲ್ಲೇ ಮಂಜಾಗುತ್ತಿದ್ದರು. ಬೇರೆ ಮಕ್ಕಳ ಅಜ್ಜಿಯರ ಕತೆಯಲ್ಲಿ ರಾಜಕುಮಾರನಿಗೆ ಮದುವೆಯಾಗುತ್ತಿತ್ತು. ನನಗೆ ಅದು ಸುಳ್ಳು ಅನ್ನಿಸುತ್ತಿತ್ತು.

ಅಜ್ಜಿ ಕತೆ ಹೇಳುತ್ತಿದ್ದದ್ದು ಅಮೆರಿಕದ ಸಮರ್‌ಸೆಟ್‌ನ ನಮ್ಮ ಮನೆಯ ಅಡುಗೆಮನೆಯಲ್ಲಿ. ನನ್ನನ್ನು ಕೌಂಟರಿನ ಮೇಲೆ ಕೂರಿಸಿ, ಫ್ರೋಜನ್ ಅವರೆಕಾಳು ಹಿದುಕುತ್ತಾ. ಅಪ್ಪ ಅಮ್ಮ ಆಫೀಸಿನಿಂದ ಬರುವ ತನಕ ನಾವಿಬ್ಬರೇ. ಕಪಾಟಿನ ಅಡಿಗೆ ಒಂದು ರೇಡಿಯೋ ಸ್ಕ್ರೂ ಹಾಕಿ ಕೂರಿಸಿತ್ತು, ಹಿಂದಿನ ಓನರ್ ಬಿಟ್ಟುಹೋದದ್ದು. ಸ್ಟೇಷನ್ ಬದಲಿಸುವ ತಿರುಪು ಮುರಿದು, ಒಂದೇ ಸ್ಟೇಷನ್ನಿನಲ್ಲಿ ಸಿಕ್ಕಿಕೊಂಡಿತ್ತು. "ಮನೇಲಿ ಒಂದು ಮಾತು ಇರ್ಲಿ" ಅಂತ ಅಜ್ಜಿ ಅದನ್ನು ಇಡೀ ದಿನ ಹಾಕಿಡುತ್ತಿದ್ದಳು. ನನಗೆ ಅದು ಫ್ರಿಜ್ಜಿನ ಗುಯ್‌ಗುಟ್ಟುವಿಕೆಯಷ್ಟೇ ಆಗಿತ್ತು.

ಬಾಗಿಲ ಬೆಲ್ ಆದರೆ ಅಜ್ಜಿ ಓಡುತ್ತಿದ್ದಳು. ಪಾರ್ಸೆಲ್ ತಂದವನಿಗೂ, ಹುಲ್ಲು ಕತ್ತರಿಸಲು ಬಂದವನಿಗೂ ಕನ್ನಡದಲ್ಲೇ, "ಬನ್ನಿ, ಒಳಗೆ ಬನ್ನಿ, ನೀರು ಕುಡಿದು ಹೋಗಿ." ಅಮ್ಮ ಬೈಯುತ್ತಿದ್ದಳು, "ಅತ್ತೆ, ಇಲ್ಲಿ ಹಾಗೆಲ್ಲ ಕರೀಬಾರದು, ಹೆದರ್ಕೊಳ್ತಾರೆ." ಅಜ್ಜಿಗೆ ಅದು ಅರ್ಥವೇ ಆಗಲಿಲ್ಲ. "ಬಾಗಿಲಿಗೆ ಬಂದೋರನ್ನ ಬಾ ಅನ್ನದೆ ಬಾಗಿಲು ಹಾಕೋದು ಹೇಗೆ ರಾಜಿ? ಅವರು ಎಲ್ಲಿಗೆ ಹೋಗ್ಬೇಕು ಹೇಳು."

ಹೋದ ವರ್ಷ ಜನವರಿಯಲ್ಲಿ, ಆಸ್ಪತ್ರೆಯಲ್ಲಿ, ಅಜ್ಜಿ ಕಿಟಕಿಯ ಹಿಮ ನೋಡುತ್ತಾ ಮಲಗಿದ್ದಳು. ತಟ್ಟನೆ ನನ್ನ ಕಡೆ ತಿರುಗಿದಳು.

"ತಾರೂ, ಅವಳು ಒಳಗೆ ಹೋದ್ಳಾ?"

"ಯಾರಜ್ಜಿ?"

"ಅದೇ, ಔಷಧಿ ತರೋಕೆ ಹೋದೋಳು. ಪಾಪ, ಇಷ್ಟು ಚಳೀಲಿ ನಿಂತವಳೆ."

"ನಾನು ಒಳಗೆ ಕಳಿಸ್ತೀನಿ ಅಜ್ಜಿ."

"ಕೈ ಹಾಕಿ ಹೇಳು."

ನಾನು ಅವಳ ಅಂಗೈ ಮೇಲೆ ಕೈ ಇಟ್ಟೆ. ಸೂಜಿ ಚುಚ್ಚಿದ ಜಾಗ ನೀಲಿಯಾಗಿತ್ತು. "ಕಳಿಸಿ ನಂಗೆ ಹೇಳು," ಅಂದಳು. ಎರಡು ದಿನಕ್ಕೆ ಹೋಗಿಬಿಟ್ಟಳು.

ಕತೆಯೊಳಗಿನ ಹೆಂಗಸನ್ನು ಮನೆ ಸೇರಿಸುವುದು ಹೇಗೆ? ಅಜ್ಜಿಯ ಸಮಾಧಾನಕ್ಕೆ ಆಡಿದ ಮಾತು ಅಂದುಕೊಂಡು ನಾನು ಸುಮ್ಮನಾಗಬಹುದಿತ್ತು. ಆಗಲಿಲ್ಲ. ಕಸ ಹಾಕಲು ಹೊರಗೆ ಹೋದಾಗ, ಬಾಸ್ಕಿಂಗ್ ರಿಡ್ಜ್‌ನ ಆಫೀಸಿನಿಂದ ಕತ್ತಲೆಗೆ ಮುಂಚೆ ಡ್ರೈವ್ ಮಾಡಿಕೊಂಡು ಬರುವಾಗ, ಎಲ್ಲೋ ಯಾರೋ ನನ್ನನ್ನು ಕಾಯುತ್ತಾ ನಿಂತಿದ್ದಾರೆ ಅನ್ನಿಸುತ್ತಿತ್ತು.

ವೀಕೆಂಡಿನಲ್ಲಿ ನಾನೂ ಹಮ್ಜಾನೂ ಮದುವೆಗಳಿಗೆ ಡಿಜೆ ಮಾಡುತ್ತೇವೆ. ಹಮ್ಜಾನ ಮನೆ ಈಸ್ಟ್ ಬ್ರನ್ಸ್‌ವಿಕ್. ಅವನ ಅಮ್ಮ ಬೆಂಗಳೂರಿನ ಶಿವಾಜಿನಗರದವರು, ಹಾಗಾಗಿ ಅವನ ಕನ್ನಡ ನನ್ನ ಕನ್ನಡಕ್ಕಿಂತ ಜೋರು. ಸೆಪ್ಟೆಂಬರಿನಲ್ಲಿ ನನ್ನ ಗೆಳತಿ ಸನ್ನಿಧಿ ಫೋನ್ ಮಾಡಿದಳು. ಅವಳ ಹುಡುಗನ ಮನೆಯವರು ಕೆಂಟಕಿಯ ಕಡೆಯವರು.

"ನೋಡು ತಾರಿಣಿ, ಅವರ ಕಡೆಯವರಿಗೆ ಹಳೇ ಕಂಟ್ರಿ ಹಾಡೇ ಬೇಕು, ಅದೇ ಅವರ ಹಳ್ಳಿ ಕಡೆಯ ಗಿಟಾರ್ ಹಾಡು. ನಮ್ಮ ಕಡೆ ಆಂಟಿಯರು ಬೀಟ್ ಇಲ್ಲದಿದ್ರೆ ಕುರ್ಚಿ ಬಿಟ್ಟು ಏಳಲ್ಲ. ಎರಡೂ ಒಂದೇ ಹಾಡಲ್ಲಿ ಆಗ್ಬೇಕು, ಪ್ಲೀಸ್. ಅವನ ಅಜ್ಜಿಗೆ ಇಷ್ಟವಾದ ಹಾಡುಗಳನ್ನ ಕಳಿಸ್ತೀನಿ."

ಹಮ್ಜಾ ಸ್ಪೀಕರಿನಲ್ಲಿ ಕೇಳಿಸಿಕೊಂಡು, "ಅಂದ್ರೆ ಬಿಸಿಬೇಳೆಬಾತಿಗೆ ಬಾರ್ಬೆಕ್ಯೂ ಸಾಸ್," ಅಂದ. "ಮಾಡಣ ಬಿಡಿ. ತಿನ್ನೋರು ನಾವಲ್ಲವಲ್ಲ."

ಶನಿವಾರ ಮಧ್ಯಾಹ್ನ ಅವನ ಮನೆಯ ಬೇಸ್‌ಮೆಂಟಿನಲ್ಲಿ ಕೂತು ಸನ್ನಿಧಿ ಕಳಿಸಿದ ಹಾಡುಗಳನ್ನು ಒಂದೊಂದಾಗಿ ಹಾಕಿದೆವು. ಒಂದು ಹಾಡು ಶುರುವಾಯಿತು. ಗಿಟಾರಿನ ಸ್ವರ ಮಂಜಿನ ಮೇಲೆ ಜಾರುವ ಹಾಗೆ ಜಾರಿತು. ಒಬ್ಬಳು ಹೆಂಗಸು, ಅವಸರವಿಲ್ಲದೆ, ಒಂದೊಂದು ಪದವನ್ನೂ ನೆಲದ ಮೇಲೆ ಇಟ್ಟು ಇಟ್ಟು ಹಾಡಿದಳು. ಮಗುವಿಗೆ ಜ್ವರ. ಔಷಧಿ ನದಿಯಾಚೆ. ದೀಪ ಆರಿಸಬೇಡ.

ಮುಂದಿನ ಸಾಲು ಅವಳು ಹಾಡುವ ಮೊದಲೇ ನನ್ನ ಬಾಯಲ್ಲಿತ್ತು, ಕನ್ನಡದಲ್ಲಿ. ದೋಣಿಯವನು ಮನೆಗೆ ಹೋದ. ಕೆಳಗೆ ನೀರು ಮಾತಾಡಿತು. ಕೊನೆಗೆ, ಗೇಟಿನ ತನಕ ಬಂದೆ, ಗೇಟಿನ ತನಕ ಬಂದೆ ಅಂತ ಅದನ್ನೇ ಹಾಡುತ್ತಾ ಹಾಡುತ್ತಾ ದನಿ ಇಳಿಯಿತು. ಸಣ್ಣಗಾಯಿತು.

ಅಮ್ಮನಿಗೆ ಫೋನ್ ಮಾಡಿದೆ. ಅವಳಿಗೆ ಏನೂ ಆಶ್ಚರ್ಯವಾಗಲಿಲ್ಲ. "ನಿಂಗೆ ಗೊತ್ತಿರ್ಲಿಲ್ವಾ? ಅಜ್ಜಿ ಆ ರೇಡಿಯೋದಲ್ಲಿ ಇವೇ ಹಾಡು ಕೇಳ್ಕೊಂಡು ಮೂಗು ಒರೆಸ್ಕೊಳ್ಳೋರು. ನಮ್ಮ ಆಫೀಸಿನ ಇಂಗ್ಲಿಷ್ ಅವರಿಗೆ ಒಂದಕ್ಷರ ಅರ್ಥ ಆಗ್ತಿರ್ಲಿಲ್ಲ, ಇದು ಆಗ್ತಿತ್ತು. 'ಇವರು ಬಿಡಿಸಿ ಬಿಡಿಸಿ ಅಳ್ತಾರೆ ಕಣೇ ರಾಜಿ' ಅನ್ನೋರು."

ನಾನು ಬೆಳೆದದ್ದು ಆ ರೇಡಿಯೋದ ಕತೆಗಳ ಮೇಲೆ. ಹಾಡು ಎಲ್ಲಿ ಸಣ್ಣಗಾಯಿತೋ ಅಜ್ಜಿಯ ಕತೆಯೂ ಅಲ್ಲೇ ನಿಂತಿತ್ತು. ತನಗೆ ಗೊತ್ತಿಲ್ಲದ್ದನ್ನು ಅವಳು ಸೇರಿಸಲಿಲ್ಲ.

"ಹಮ್ಜಾ, ಇದು ಸಣ್ಣಗಾದ ಮೇಲೆ ಏನಾಗುತ್ತೆ?"

"ಎತ್ತಿ ನೋಡೋಣ. ವಾಲ್ಯೂಮ್ ಇಳಿಸಿರ್ತಾರೆ ಅಷ್ಟೆ, ಹಾಡೋರು ಹಾಡ್ತಾನೇ ಇರ್ತಾರೆ."

ಕೊನೆಯ ತುಣುಕನ್ನು ಎಷ್ಟು ಸಾಧ್ಯವೋ ಅಷ್ಟು ಎತ್ತಿದ. ಎಣ್ಣೆಯಲ್ಲಿ ಸಾಸಿವೆ ಸಿಡಿಯುವಂಥ ಸದ್ದು ಕೋಣೆ ತುಂಬಿತು. ಅದರ ಅಡಿಯಲ್ಲಿ, ಬಲು ದೂರದಲ್ಲಿ, ಅವಳು ಇನ್ನೂ ಹಾಡುತ್ತಿದ್ದಳು. ಗೇಟಿನ ತನಕ ಬಂದೆ. ಮತ್ತೆ ಅದೇ. ಟೇಪ್ ಮುಗಿಯುವವರೆಗೂ ಅದೇ.

"ಯಾರೂ ಇದನ್ನ ಮುಗಿಸೇ ಇಲ್ಲ," ಅಂದ ಹಮ್ಜಾ.

ರೀಮಿಕ್ಸ್ ಮಾತ್ರ ಅದ್ಭುತವಾಗಿ ಬಂತು, ಅದನ್ನೂ ಹೇಳಬೇಕು. ಆ ಹಾಡಿನ ನಡೆಗೆ ತಮಟೆಯ ಪೆಟ್ಟು ಕೂಡಿಸಿದೆವು. ಎರಡೂ ಒಂದೇ ಮನೆಯಲ್ಲಿ ಬೆಳೆದ ಹಾಗೆ ಹೊಂದಿಕೊಂಡವು. ಕುಣಿತ ಏರುವ ಜಾಗದಲ್ಲಿ 'ಗೇಟಿನ ತನಕ ಬಂದೆ' ಅನ್ನುವ ಒಂದೇ ಸಾಲನ್ನು ಮತ್ತೆ ಮತ್ತೆ ಬರುವ ಹಾಗೆ ಲೂಪ್ ಮಾಡಿದೆ.

ಮದುವೆಗೆ ಮುಂಚೆ ಒಮ್ಮೆ ಪರೀಕ್ಷೆ ಮಾಡೋಣ ಅಂತ ಮಂಜರಿ ಆಂಟಿಯ ದೀಪಾವಳಿ ಪಾರ್ಟಿಯಲ್ಲಿ ಹಾಕಿದೆವು. ಬೇಸ್‌ಮೆಂಟ್ ತುಂಬ ಜನ. ಮೊದಲು ನಕ್ಕರು, ಆಮೇಲೆ ಸಾಲಾಗಿ ನಿಂತು ಕುಣಿದರು. ಆಂಟಿಯ ಗಂಡ ಜಯ್ ಅಂಕಲ್ ಇಲ್ಲದ ಟೋಪಿ ಎತ್ತಿ ಸಲಾಮು ಹಾಕಿದರು. ಲೂಪ್ ಶುರುವಾಯಿತು. ಕುಣಿಯುತ್ತಿದ್ದವರ ಕತ್ತುಗಳೆಲ್ಲ ಒಟ್ಟಿಗೆ ಮೆಟ್ಟಿಲ ಕಡೆ ತಿರುಗಿದವು.

"ಯಾರೋ ಬಂದ್ರು ಅನ್ಸುತ್ತೆ, ಇರಿ," ಅಂತ ಮಂಜರಿ ಆಂಟಿ ಮೇಲೆ ಹೋದರು. ಬಾಗಿಲು ತೆಗೆದು ಹಾಕಿದ ಸದ್ದಾಯಿತು. "ಯಾರೂ ಇಲ್ಲ. ಗಾಳಿ."

ಲೂಪ್ ಮತ್ತೆ ಬಂದಾಗ ಜಯ್ ಅಂಕಲ್ ಹೋದರು. ಇಳಿದು ಬಂದಾಗ ಅವರ ಮುಖದಲ್ಲಿ ನಗು ಇರಲಿಲ್ಲ. "ಗಾಳಿನೂ ಇಲ್ಲ ಕಣ್ರೀ," ಅಂದರು.

ಹಿಂದಿರುಗುವಾಗ ಹಮ್ಜಾ ಕಾರಿನ ರೇಡಿಯೋ ಆರಿಸಿದ. ಆಮೇಲೆ ಹೇಳಿದ, "ನಾವೇನು ಮಾಡ್ತಿದ್ದೀವಿ ಗೊತ್ತಾ? ಅವಳನ್ನ ಗೇಟಿನ ಹತ್ರ ಕರ್ಕೊಂಡು ಬಂದು ವಾಪಸ್ ನದಿಗೆ ಕಳಿಸ್ತಿದ್ದೀವಿ. ಮತ್ತೆ ಕರೀತೀವಿ, ಮತ್ತೆ ಕಳಿಸ್ತೀವಿ. ಬೇರೆ ಹಾಡು ಮಾಡೋಣ ತಾರಿಣಿ."

"ಅಜ್ಜಿಗೆ ಮಾತು ಕೊಟ್ಟಿದ್ದೀನಿ. ಬೇರೆ ಹಾಡು ಮಾಡಿದ್ರೆ ಅವಳು ಅಲ್ಲೇ ನಿಂತಿರ್ತಾಳೆ."

ನವೆಂಬರ್ ಚಳಿ ಇಳಿಯಿತು. ನಮ್ಮ ಮನೆಗೆ ಗೇಟೇ ಇಲ್ಲ, ಮುಂದೆ ಬರೀ ಹುಲ್ಲು, ಆಮೇಲೆ ರಸ್ತೆ. ಆದರೂ ಸಂಜೆ ಐದಕ್ಕೆ ಬೆಳಕು ಹೋಗುತ್ತಿದ್ದಂತೆ ಕಬ್ಬಿಣದ ಚಿಲಕ ಅಲುಗುವ ಸದ್ದು ಕೇಳಿಸತೊಡಗಿತು. ನಾನು ಕಿಟಕಿಗೆ ಓಡುತ್ತಿದ್ದೆ. ಅಮ್ಮ ಬೀನ್ಸ್ ಹೆಚ್ಚುತ್ತಾ ತಲೆ ಎತ್ತದೆ, "ನಂಗೂ ಕೇಳಿಸ್ತು" ಅಂದಳು ಒಂದು ದಿನ. ಅವತ್ತಿನಿಂದ ಅವಳು ಮಲಗುವಾಗ ಅಡುಗೆಮನೆ ದೀಪ ಆರಿಸಲಿಲ್ಲ.

ಸನ್ನಿಧಿಯ ರಿಸೆಪ್ಷನ್ನಿನ ದಿನ ಈಸ್ಟ್ ಬ್ರನ್ಸ್‌ವಿಕ್‌ನ ಹಾಲಿಗೆ ಬೇಗ ಹೋಗಿ ವೈರುಗಳನ್ನು ಜೋಡಿಸುತ್ತಿದ್ದೆ. ವರನ ಅಜ್ಜಿ ಗಾಲಿಕುರ್ಚಿಯಲ್ಲಿ ದೊಡ್ಡ ಬಾಗಿಲ ಪಕ್ಕ ಕೂತಿದ್ದರು. ಸನ್ನಿಧಿ ಕೊಟ್ಟ ರೇಷ್ಮೆ ಶಾಲು ಹೊದ್ದಿದ್ದರು. ನನ್ನನ್ನು ಹತ್ತಿರ ಕರೆದರು.

"ಆ ಹಾಡನ್ನು ನೀನು ಕುಣಿಯೋ ಹಾಗೆ ಮಾಡಿದ್ದೀಯಂತೆ," ಅಂದರು ಇಂಗ್ಲಿಷಿನಲ್ಲಿ, ಬಿಡಿಸಿ ಬಿಡಿಸಿ. "ನನ್ನ ತಾಯಿ ಅದನ್ನು ಕೇಳುತ್ತಾ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ನಿನ್ನ ಹಾಡಿನಲ್ಲಾದರೂ ಅವಳು ಒಳಗೆ ಬರುತ್ತಾಳಾ, ಮಗೂ?"

"ನೋಡೋಣ" ಅಂದೆ.

ಊಟಕ್ಕೆ ಮುಂಚೆ ಹಾಡು ಹಾಕಿದೆ. ಬೂಟುಗಳೂ ಗೆಜ್ಜೆಗಳೂ ಒಂದೇ ಸಾಲಿನಲ್ಲಿ ನಿಂತವು. ತಮಟೆಗೆ ಕೆಂಟಕಿಯವರು ಹುಯ್ಯೆಂದು ಕೂಗಿದರು, ಗಿಟಾರಿಗೆ ನಮ್ಮ ಆಂಟಿಯರು ಸೊಂಟ ಬಳುಕಿಸಿದರು. ಸನ್ನಿಧಿ ನನ್ನ ಕಡೆ ನೋಡಿ ಎರಡೂ ಕೈಯಲ್ಲಿ ಮುತ್ತು ಎಸೆದಳು. ಲೂಪ್ ಬಂತು.

ಗೇಟಿನ ತನಕ ಬಂದೆ. ಗೇಟಿನ ತನಕ ಬಂದೆ.

ಇಡೀ ಹಾಲಿನ ಕತ್ತುಗಳು ಬಾಗಿಲ ಕಡೆ ತಿರುಗಿದವು. ಕಾಲುಗಳು ಕುಣಿಯುತ್ತಲೇ ಇದ್ದವು, ಮುಖಗಳು ಮಾತ್ರ ಅತ್ತ. ಹಮ್ಜಾ ನನ್ನ ಮೊಣಕೈ ಹಿಡಿದ. "ಮುಂದಕ್ಕೆ ಬಿಡು, ಮುಂದಕ್ಕೆ ಬಿಡು." ಮುಂದಕ್ಕೆ ಬಿಟ್ಟರೆ ಹಾಡು ಸಣ್ಣಗಾಗುತ್ತದೆ. ಅವಳು ಮತ್ತೆ ಗೇಟಿನಲ್ಲೇ.

ಬಾಗಿಲ ಹತ್ತಿರವಿದ್ದ ಒಬ್ಬಳು ಹುಡುಗಿ ಅದನ್ನು ತೆಗೆದು, ಹೊರಗೆ ಇಣುಕಿ, ಭುಜ ಕುಣಿಸಿ, ಮುಚ್ಚಿದಳು. ಮಂಜರಿ ಆಂಟಿ ಮಾಡಿದ ಹಾಗೆ. ಜಯ್ ಅಂಕಲ್ ಮಾಡಿದ ಹಾಗೆ. ತೆಗೆದರು, ನೋಡಿದರು, ಹಾಕಿದರು. ಯಾರೂ ಅವಳನ್ನು ಬಾ ಅನ್ನಲಿಲ್ಲ.

ಅವಳು ಎಲ್ಲಿಗೆ ಹೋಗಬೇಕು ಹೇಳು.

ನಾನು ತಮಟೆಯನ್ನು ನಿಲ್ಲಿಸಿದೆ. ಗಿಟಾರು ಒಂದೇ ಉಳಿಯಿತು. ಮೈಕ್ ಕೈಗೆ ತಗೊಂಡೆ. ನನ್ನ ಬಾಯಿಂದ ಬಂದದ್ದು ಅಜ್ಜಿಯ ದನಿ ಅಂತ ಹಮ್ಜಾ ಇವತ್ತಿಗೂ ಹೇಳುತ್ತಾನೆ. ನನಗೆ ಗೊತ್ತಿಲ್ಲ.

"ಬಾರಮ್ಮ. ಒಳಗೆ ಬಾ. ಚಳಿ ಇದೆ."

ನಮ್ಮ ಕಡೆಯ ಹೆಂಗಸರು, ಯಾರಿಗೆ ಏನು ಅಂತ ವಿಚಾರಿಸದೆ, ಅಭ್ಯಾಸದ ಬಲದಿಂದಲೇ, "ಬನ್ನಿ ಬನ್ನಿ, ಒಳಗೆ ಬನ್ನಿ" ಅಂದರು. ಯಾರೋ ಸೆರಗು ಸರಿಮಾಡಿಕೊಂಡರು. ಗಾಲಿಕುರ್ಚಿಯ ಅಜ್ಜಿ ಕೈ ಚಾಚಿ ಬಾಗಿಲನ್ನು ತಳ್ಳಿದರು, ಅದು ಪೂರ್ತಿ ತೆರೆದುಕೊಳ್ಳುವ ತನಕ.

ಪಾರ್ಕಿಂಗ್ ಲಾಟಿನ ಚಳಿ ಒಳಗೆ ಬಂತು. ಬಾಗಿಲ ಪಕ್ಕದ ಮೇಜಿನ ನ್ಯಾಪ್ಕಿನ್ನು ಅಲುಗಿತು, ಅದರ ಮುಂದಿನ ಮೇಜಿನದು, ಅದರ ಮುಂದಿನದು. ಯಾರೂ ಹೇಳದೆ ಜನ ಎರಡು ಕಡೆ ಸರಿದು ದಾರಿ ಬಿಟ್ಟರು, ಬಿಸಿ ಪಾತ್ರೆ ಹಿಡಿದು ಬರುವವರಿಗೆ ಬಿಡುವ ಹಾಗೆ. ಆ ದಾರಿ ಹಾಲಿನ ಉದ್ದಕ್ಕೂ ಸಾಗಿ, ಅಡುಗೆಮನೆಯ ಬಾಗಿಲಲ್ಲಿ, ಒಳಗಿನ ಹಳದಿ ಬೆಳಕಿನಲ್ಲಿ ಮುಗಿಯಿತು.

ಗಿಟಾರಿನ ಸ್ವರ ಮೆಲ್ಲಗೆ ಕೆಳಗಿಳಿಯಿತು. ಸಣ್ಣಗಾಗಲಿಲ್ಲ. ಸುಸ್ತಾದವಳು ಚಾಪೆಯ ಮೇಲೆ ಕೂತ ಹಾಗೆ, ಪೂರ್ತಿ ದನಿಯಲ್ಲೇ, ತನ್ನ ಜಾಗಕ್ಕೆ ಬಂದು ನಿಂತಿತು.

"ಆ ಎಂಡಿಂಗ್ ನೀನು ಹಾಕಿದ್ದಾ?" ಹಮ್ಜಾ ಪಿಸುಗುಟ್ಟಿದ.

"ಇಲ್ಲ. ನೀನು?"

ಅವನು ತಲೆ ಅಲ್ಲಾಡಿಸಿದ.

"ಇನ್ನು ಬಾಗಿಲು ಹಾಕಿ," ಅಂದರು ಕೆಂಟಕಿಯ ಅಜ್ಜಿ, ಶಾಲು ಎಳೆದುಕೊಳ್ಳುತ್ತಾ. "ಅವಳು ಬಂದಾಯಿತು."

ಬಾಗಿಲು ಹಾಕಿದರು. ಹಮ್ಜಾ ಮುಂದಿನ ಹಾಡು ಹಾಕಿದ, ಜನ ಮತ್ತೆ ಗದ್ದಲವಾದರು. ನಾನು ಸ್ಪೀಕರಿನ ಹಿಂದೆ ಗೋಡೆಗೆ ಒರಗಿ ನಿಂತು, ಅಂಗೈ ಬಿಚ್ಚಿ, ಮೆಲ್ಲಗೆ ಹೇಳಿದೆ.

"ಅಜ್ಜೀ, ಒಳಗೆ ಹೋದ್ಳು."