ಜೋಡಿ ಸಾಕ್ಷಿ

ಅಳುವುದರಲ್ಲಿ ಪ್ರಭುಸ್ವಾಮಿಯನ್ನು ಮೀರಿಸುವವರು ಹನೂರಿನ ಸುತ್ತಮುತ್ತ ಯಾರೂ ಇರಲಿಲ್ಲ. ಅವನ ಕಸುಬು ಗೂಡ್ಸ್ ಆಟೊ ಓಡಿಸುವುದು. ಕಾಡಂಚಿನ ಊರುಗಳಿಂದ ಮುಸುಕಿನ ಜೋಳ, ಟೊಮೆಟೊ ತುಂಬಿಕೊಂಡು ಹೋಗಿ ಹನೂರಿನ ಮಾರ್ಕೆಟ್ಟಿಗೆ ಇಳಿಸಿ ಬರುತ್ತಿದ್ದ. ಆದರೆ ಅವನಿಗೆ ಹೆಸರು ಬಂದದ್ದು ಅಳುವಿನಿಂದ. ಭಾನುವಾರ ಪ್ರಾರ್ಥನಾ ಮಂದಿರದಲ್ಲಿ ಮೈಕು ಕೈಗೆ ಬಂದರೆ ಸಾಕು, ಮೊದಲು ಗಂಟಲು ಕಟ್ಟುತ್ತಿತ್ತು, ಆಮೇಲೆ ಮೂಗು ಕೆಂಪಾಗುತ್ತಿತ್ತು, ಕೊನೆಗೆ ಬಿಳಿ ಶರ್ಟಿನ ತೋಳಿನಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದ. ಆ ಶರ್ಟನ್ನು ಒಗೆದು ಇಸ್ತ್ರಿ ಹಾಕಿ ಕೊಟ್ಟವಳು ಹೆಂಡತಿ ಯಶೋದ. ಶನಿವಾರ ಅವನ ಕೈಯಲ್ಲಿ ಏಟು ತಿಂದವಳೂ ಅವಳೇ.

ತಾನು ಕುಡಿದೆ ಎಂದು ಅವನು ಒಂದು ದಿನವೂ ಹೇಳಿದವನಲ್ಲ. ನನ್ನೊಳಗಿನ ಹಳೇ ಮನುಷ್ಯ ಕುಡಿದ, ನನ್ನೊಳಗಿನ ಹಳೇ ಮನುಷ್ಯ ಹೆಂಡತಿಯ ಮೇಲೆ ಕೈ ಮಾಡಿದ, ಅವನನ್ನು ಶಿಲುಬೆಗೆ ಹಾಕಿದ್ದೆ, ಇಳಿದು ಬಂದುಬಿಟ್ಟ, ನನಗಾಗಿ ಪ್ರಾರ್ಥನೆ ಮಾಡಿ ಎನ್ನುತ್ತಿದ್ದ. ಜನ ಕೈಯೆತ್ತಿ ಸ್ತೋತ್ರ, ಸ್ತೋತ್ರ ಅನ್ನುತ್ತಿದ್ದರು. ಕುಡಿದು ಹೊಡೆದವನು ಒಬ್ಬ, ಅತ್ತು ಶಭಾಷ್ ಅನ್ನಿಸಿಕೊಳ್ಳುವವನು ಇನ್ನೊಬ್ಬ. ಏಟು ತಿಂದವಳಿಗೆ ಮಾತ್ರ ಹಾಗೆ ಎರಡು ಮೈ ಇರಲಿಲ್ಲ.

ಹಳೇ ಮನುಷ್ಯ ಎನ್ನುವುದು ಸುಳ್ಳು ಮಾತಲ್ಲ. ಯೇಸುವಿನ ನಂಬಿಕೆಗೆ ಬಂದ ಮಾತ್ರಕ್ಕೆ ಒಳಗಿನ ಪಾಪದ ಸ್ವಭಾವ ಸಾಯುವುದಿಲ್ಲ, ದಿನಾ ಅದರ ಜೊತೆ ಗುದ್ದಾಡಬೇಕು, ದಿನಾ ಅದಕ್ಕೆ ಇಲ್ಲ ಅನ್ನಬೇಕು ಎಂಬ ಕಷ್ಟದ ಪಾಠ ಅದು. ಮೈಬಗ್ಗಿಸಿ ದುಡಿಯುವವರಿಗೆ ಹೇಳಿದ ಪಾಠ. ಈ ಮಂದಿರದ ಗಂಡಸರಿಗೆ ಹಳೇ ಮನುಷ್ಯ ಪುಕ್ಕಟೆ ಜಾಮೀನುದಾರನಾಗಿ ಸಿಕ್ಕಿದ್ದ. ತಪ್ಪು ಯಾರು ಮಾಡಿದರೂ ಕೇಸು ಅವನ ಮೇಲೆ.

ಪಾಸ್ಟರ್ ಕೆಂಪನಂಜಪ್ಪ ಇದಕ್ಕೊಂದು ಪದ್ಧತಿಯನ್ನೂ ಮಾಡಿಟ್ಟಿದ್ದ. ಅದರ ಹೆಸರು ಜೋಡಿ ಸಾಕ್ಷಿ. ಗಂಡ ಮೈಕಿನಲ್ಲಿ ಅತ್ತು ಮುಗಿಸಿದ ಮೇಲೆ ಪಕ್ಕದಲ್ಲಿ ಸೆರಗು ಹೊದ್ದು ನಿಂತ ಹೆಂಡತಿ ಅವನ ತಲೆಯ ಮೇಲೆ ಕೈಯಿಟ್ಟು, 'ನಾನು ಇವರನ್ನು ಮನಸಾರೆ ಕ್ಷಮಿಸಿದ್ದೇನೆ, ನಮ್ಮ ಮನೆಯಲ್ಲಿ ಸಮಾಧಾನ ಇದೆ' ಅನ್ನಬೇಕು. ಕೀಬೋರ್ಡಿನವನು ಮೆಲ್ಲಗೆ ನುಡಿಸುತ್ತಿರಬೇಕು. ಈ ಎರಡು ಸಾಲು ಬಾಯಿಪಾಠ ಮಾಡಿಸುವ ಕೆಲಸ ಪಾಸ್ಟರ್ ಹೆಂಡತಿ ಸುವರ್ಣಮ್ಮನದು. ಯಾವ ಹೆಂಗಸಾದರೂ ತಡವರಿಸಿದರೆ ಸುವರ್ಣಮ್ಮ ಮುಂದಿನ ಸಾಲಿನಿಂದಲೇ ತುಟಿ ಅಲ್ಲಾಡಿಸಿ ತೋರಿಸುತ್ತಿದ್ದಳು. ಗಂಡಸರಿಗೆ ಈ ಪದ್ಧತಿ ಬಹಳ ಹಿಡಿಸಿತ್ತು. ಹಿಡಿಸದೆ ಏನು? ಶನಿವಾರ ಕೊಳೆ ಮಾಡಿಕೊಂಡ ಬಟ್ಟೆಯನ್ನು ಭಾನುವಾರ ಇನ್ನೊಬ್ಬರು ಒಗೆದು ಕೊಡುವುದಾದರೆ ಯಾರಿಗೆ ಬೇಡ?

ಮಂದಿರದಲ್ಲಿ ಈ ಸಂಭ್ರಮಕ್ಕೆ ಮುಖ ಗಂಟಿಕ್ಕುತ್ತಿದ್ದವಳು ಒಬ್ಬಳೇ, ಪ್ರಭುಸ್ವಾಮಿಯ ತಾಯಿ ಪುಟ್ಟಮಾದಮ್ಮ. ಅವಳು ದೀಕ್ಷಾಸ್ನಾನ ಮಾಡಿಸಿಕೊಂಡಿರಲಿಲ್ಲ. ಮೊಮ್ಮಗಳು ದೀಪ ಎಲ್ಲಿಗೆ ಹೋದರೆ ಅಲ್ಲಿಗೆ ಅವಳೂ ಹೋಗಿ ಚಾಪೆಯ ತುದಿಯಲ್ಲಿ ಕೂರುತ್ತಿದ್ದಳು. ಅವಳ ಊರಿನಲ್ಲಿ ಹಳೇ ಮನುಷ್ಯ ಅಂದರೆ ಮನೆಯಲ್ಲಿ ತೀರಿಹೋದ ಹಿರಿಯ. ಹಾಗಾಗಿ ಮಗ ಮೈಕಿನಲ್ಲಿ ವಾರವಾರವೂ ದೂರುತ್ತಿರುವುದು ತೀರಿಹೋದ ತನ್ನ ಗಂಡ ಪುಟ್ಟಸಿದ್ದಯ್ಯನನ್ನೇ ಎಂದು ಅವಳು ತಿಳಿದುಕೊಂಡಿದ್ದಳು.

"ನಿಮ್ಮಪ್ಪ ಸಾಯಗಂಟ ಒಂದಿನ ಕುಡುದೋನಲ್ಲ, ನನ್ ಮ್ಯಾಲೆ ಒಂದಿನ ಕೈ ಎತ್ತುದೋನಲ್ಲ. ಒಲದ ಅಟ್ಟಣೆ ಮ್ಯಾಲೆ ಕುಂತು ಕಾಡಂದಿ ಕಾದು ರಾಗಿ ಬೆಳುದು ನಿನ್ನ ಸಾಕುದ್ನಲ್ಲಾ. ಸತ್ತೋನ ಮ್ಯಾಲೆ ತಪ್ಪ ಯಾಕ್ಲಾ ಆಕೀಯೆ?" ಎಂದು ಮನೆಗೆ ಬಂದ ಮೇಲೆ ಮಗನನ್ನು ಕೇಳುತ್ತಿದ್ದಳು.

ಪ್ರಭುಸ್ವಾಮಿ ನಗುತ್ತಿದ್ದ. ಪಾಸ್ಟರೂ ನಕ್ಕು, ಅಜ್ಜಿಗೆ ಬೈಬಲ್ ವಾಕ್ಯದ ಆಳ ಗೊತ್ತಾಗುವುದಿಲ್ಲ ಎಂದ. ಯಶೋದಳೂ ಮೊದಮೊದಲು ಅತ್ತೆಗೆ ಬಿಡಿಸಿ ಹೇಳಲು ನೋಡಿದಳು. ಅದು ಮಾವನಲ್ಲ ಅತ್ತೆ, ಒಳಗಿರುವ ಕೆಟ್ಟ ಬುದ್ಧಿ ಎಂದಳು. ಹಾಗಿದ್ದರೆ ನನ್ನ ಬುದ್ಧಿ ಕೆಟ್ಟದ್ದು ಅಂತ ಹೇಳಲಿ, ಯಾರೋ ಮನುಷ್ಯ ಅಂತ ಯಾಕೆ ಹೇಳಬೇಕು ಎಂದು ಮುದುಕಿ ಕೇಳಿದಳು. ಆಮೇಲೆ ಯಶೋದ ಬಿಡಿಸಿ ಹೇಳುವುದನ್ನು ಬಿಟ್ಟಳು.

ಯಶೋದ ನಂಬಿಕೆಗೆ ಬಂದದ್ದು ಗಂಡನ ಹಿಂದೆ, ಆದರೆ ನಂಬಿದ್ದು ಅವಳೇ. ಕಾವೇರಿಯಲ್ಲಿ ಮುಳುಗಿ ಎದ್ದ ದಿನ ಅವಳಿಗೆ ನಿಜವಾಗಿಯೂ ಹೊಸದಾಗಿ ಹುಟ್ಟಿದಂತೆ ಅನ್ನಿಸಿತ್ತು. ಅವಳ ನಾಲಿಗೆ ಮೊದಲು ಬಲು ಹರಿತ. ಪಕ್ಕದ ಮನೆಯವರ ಜೊತೆ ಬೇಲಿಗಾಗಿ ಜಗಳವಾಡಿ ಮಾತು ಬಿಟ್ಟು ವರ್ಷಗಳಾಗಿದ್ದವು. ಅವರ ಕೋಳಿ ಇವಳ ಹುಲ್ಲುಮೆದೆಗೆ ಬಂದು ಮೊಟ್ಟೆಯಿಟ್ಟರೆ ಸದ್ದಿಲ್ಲದೆ ಸಾರು ಮಾಡುತ್ತಿದ್ದಳು. ದೀಕ್ಷಾಸ್ನಾನವಾದ ಮೇಲೆ ಒಂದು ದಿನ ಮೆದೆಯಲ್ಲಿ ಸಿಕ್ಕ ಮೊಟ್ಟೆಗಳನ್ನು ಸೆರಗಿನಲ್ಲಿಟ್ಟುಕೊಂಡು ಪಕ್ಕದ ಮನೆಯ ಬಾಗಿಲಿಗೆ ಹೋದಳು. ಹೋಗುವಾಗ ಕಾಲು ಹಿಂದೆ ಹಿಂದೆ ಎಳೆಯಿತು. ಆ ಮನೆಯವಳು ಮೊಟ್ಟೆ ತೆಗೆದುಕೊಂಡು, ಮಾತಾಡದೆ ಬಾಗಿಲು ಹಾಕಿಕೊಂಡಳು. ಮುಂದಿನ ಮೊಟ್ಟೆಯನ್ನೂ ಯಶೋದ ಕೊಟ್ಟು ಬಂದಳು. ಇದಕ್ಕೆ ಯಾರೂ ಸ್ತೋತ್ರ ಅನ್ನಲಿಲ್ಲ. ಮೊಟ್ಟೆ ವಾಪಸ್ಸು ಕೊಟ್ಟದ್ದನ್ನು ಮೈಕಿನಲ್ಲಿ ಹೇಳಿದರೆ ಯಾರ ಕಣ್ಣಲ್ಲೂ ನೀರು ಬರುವುದಿಲ್ಲವಲ್ಲ.

ದೀಪ ಮೂರನೇ ಕ್ಲಾಸಿನ ಹುಡುಗಿ. ಒಂದು ಶನಿವಾರ ಅಪ್ಪ ಅಮ್ಮನ ಜುಟ್ಟು ಹಿಡಿದಾಗ ಅವಳು ನಡುವೆ ಬಂದಳು. ಪ್ರಭುಸ್ವಾಮಿ ಬೀಸಿದ ಕೈ ಅವಳ ಎಡಗೆನ್ನೆಗೆ, ಕಿವಿಗೆ ಒಟ್ಟಿಗೇ ಬಿತ್ತು. ಕಿವಿಯಿಂದ ರಕ್ತ ಬಂತು. ಸೋಮವಾರ ಬೆಳಿಗ್ಗೆಯೇ ಯಶೋದ ಮಗುವನ್ನು ಕೊಳ್ಳೇಗಾಲದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ಒಳಗಿನ ತಮಟೆ ಹರಿದಿದೆ, ಇದು ತಾನಾಗಿ ಕೂಡಿಕೊಳ್ಳಬಹುದು, ಆದರೆ ಇನ್ನೊಂದು ಏಟು ಬಿದ್ದರೆ ಈ ಕಿವಿಯ ಆಸೆ ಬಿಡಬೇಕು ಎಂದರು. ಹೇಗಾಯಿತು ಎಂದು ಕೇಳಿದರು. ಜಗಲಿಯಿಂದ ಬಿದ್ದಳು ಎಂದಳು ಯಶೋದ. ಡಾಕ್ಟರಮ್ಮ ಅವಳ ಮುಖ ನೋಡಿ, ಮುಂದಿನ ಸೋಮವಾರ ಮತ್ತೆ ಬನ್ನಿ ಎಂದು ಕಳಿಸಿದರು. ಅಂದಿನಿಂದ ದೀಪ ಯಾರು ಕರೆದರೂ ಬಲಗಿವಿಯನ್ನು ಮುಂದೆ ಮಾಡಿ ತಿರುಗುತ್ತಿದ್ದಳು.

ಆ ವಾರದ ಕೊನೆಯಲ್ಲಿ ಪಾಸ್ಟರೂ ಸುವರ್ಣಮ್ಮನೂ ಮನೆಗೆ ಬಂದರು. ಯಳಂದೂರಿನ ಕಡೆ, ಮಾಂಬಳ್ಳಿಯಲ್ಲಿ, ದೊಡ್ಡ ಪ್ರಾರ್ಥನಾ ಕೂಟ ಇತ್ತು. ಅಲ್ಲಿ ಸಾಕ್ಷಿ ಹೇಳಲು ಪ್ರಭುಸ್ವಾಮಿಯನ್ನೇ ಕಳಿಸುವುದೆಂದು ತೀರ್ಮಾನವಾಗಿತ್ತು. ಅದಕ್ಕೆ ಮೊದಲು, ಈ ಭಾನುವಾರ, ಅವನನ್ನು ಸಭೆಯ ಹಿರಿಯನನ್ನಾಗಿ ನೇಮಿಸುವುದು. ಯಶೋದ ಜೋಡಿಯಾಗಿ ನಿಲ್ಲಬೇಕು. ಪ್ರಭುಸ್ವಾಮಿ ಗೋಡೆಗೆ ಒರಗಿ ಆಗಲೇ ಹಿರಿಯನ ಮುಖ ಮಾಡಿಕೊಂಡು ಕೂತಿದ್ದ.

ದೀಪನ ಕಿವಿಯ ಕತೆ ಏನು ಎಂದು ಯಶೋದ ಕೇಳಿದಳು.

"ಅದನ್ನೂ ಸೇರಿಸಿ ಹೇಳ್ತಾನಮ್ಮ. ಮಗು ವಿಷಯ ಬಂದ್ರೆ ಜನ ಕರಗಿ ಹೋಗ್ತಾರೆ," ಎಂದ ಪಾಸ್ಟರ್, ಟೀ ಲೋಟ ಕೆಳಗಿಡುತ್ತ.

"ಯಾರು ಒಡುದ್ರು ಅಂತ ಏಳ್ತಾರೆ ಪಾಸ್ಟರೇ?"

"ಹಳೇ ಮನುಷ್ಯ. ನಿಂಗೆ ಗೊತ್ತಿರೋದೇ ಅಲ್ವ."

ಯಶೋದ ತಲೆ ತಗ್ಗಿಸಿಕೊಂಡೇ ಮಾತಾಡಿದಳು. "ಆಟೊ ಓಡ್ಸಾಗ ಪೊಲೀಸ್ನೋರು ನಿಲ್ಸುದ್ರೆ ಇವ್ರು ಕೈ ಕಟ್ಕಂಡು ಸಾ ಸಾ ಅಂತಾರೆ. ಮಾರ್ಕೆಟ್ಟಲ್ಲಿ ಸಾವ್ಕಾರ್ರು ಬೋದ್ರೆ ನಕ್ಕಂಡು ಬತ್ತಾರೆ. ಅಲ್ಲೆಲ್ಲೂ ಆ ಮನ್ಸ ಬರಲ್ಲ. ನಮ್ಮನೆ ಬಾಗ್ಲು ದಾಟುದ್ ಮ್ಯಾಲೇ ಬತ್ತಾನಲ್ಲ, ಅವ್ನಿಗೆ ಜಾಗ ಎಂಗೆ ಗೊತ್ತಾಯ್ತದೆ?"

ಪಾಸ್ಟರ್ ಕೆಮ್ಮಿದ. ವಾಕ್ಯವನ್ನು ಹೀಗೆಲ್ಲ ತಿರುಚಬಾರದು ಎಂದ. ಸುವರ್ಣಮ್ಮ ಅವಳ ಕೈಹಿಡಿದು, ಹೆಂಗಸು ಸಹಿಸಿದರೇ ಮನೆ ಉಳಿಯುವುದು, ಊರಿನ ಉಳಿದ ಜನ ನಮ್ಮನ್ನು ನೋಡಿ ನಗಬಾರದು, ಇಷ್ಟು ದಿನ ನಿಂತವಳಿಗೆ ಇನ್ನೊಂದು ದಿನ ನಿಲ್ಲುವುದು ಕಷ್ಟವೇ ಎಂದು ಬೆಣ್ಣೆಯಲ್ಲಿ ಅದ್ದಿದ ದನಿಯಲ್ಲಿ ಹೇಳಿದಳು. ಯಶೋದ ಒಪ್ಪುವಂತೆ ಕಾಣದಿದ್ದಾಗ ಸುವರ್ಣಮ್ಮನ ದನಿಯ ಬೆಣ್ಣೆ ಕರಗಿ ಹೋಯಿತು.

"ಕ್ಷಮಿಸದೆ ಇರೋದೇ ನಿನ್ನ ಪಾಪ ಕಣಮ್ಮ. ನಿನ್ನೊಳಗೂ ಹಳೇ ಸ್ವಭಾವ ಇದೆ. ಮೊದಲು ಅದನ್ನ ನೋಡ್ಕೋ."

ಅವರು ಹೋದ ಮೇಲೆ ಯಶೋದ ಆ ಮಾತನ್ನು ತಳ್ಳಿಹಾಕಲಿಲ್ಲ. ಅವಳ ಸ್ವಭಾವವೇ ಅಂಥದ್ದು. ಯಾರು ಹೇಳಿದರೂ, ಏಕೆ ಹೇಳಿದರೂ, ತನ್ನೊಳಗೆ ಏನಿದೆ ಎಂದು ನೋಡಿಕೊಳ್ಳುವ ಅಭ್ಯಾಸ ಅವಳಿಗೆ ಬಂದುಬಿಟ್ಟಿತ್ತು. ಒಲೆಯ ಮುಂದೆ ಮುದ್ದೆ ತಿರುವುತ್ತ ಪ್ರಾರ್ಥಿಸಿದಳು. ನನ್ನ ಪಾಪ ಯಾವುದು ತೋರಿಸಪ್ಪ ಎಂದಳು. ಗಂಡನ ಮೇಲಿನ ದ್ವೇಷವೇ ಎಂದು ಹುಡುಕಿದಳು. ಸಿಟ್ಟಿತ್ತು, ಅಸಹ್ಯ ಇತ್ತು, ಆದರೆ ಅವನು ಹಾಳಾಗಲಿ ಎಂಬ ಆಸೆ ಇರಲಿಲ್ಲ. ಆಗ ದೀಪ ಅಡುಗೆ ಮನೆಗೆ ಬಂದು, "ಅವ್ವ, ಡಾಕ್ಟ್ರಮ್ಮ ಕೇಳುದ್ರೆ ಸೋಮಾರನೂ ಜಗಲಿಯಿಂದ ಬಿದ್ದೆ ಅಂತ್ಲೇ ಏಳ್ಬೇಕಾ?" ಎಂದು ಕೇಳಿದಳು.

ಯಶೋದ ಮುದ್ದೆ ಕೋಲು ಕೆಳಗಿಟ್ಟಳು. ಹುಡುಕುತ್ತಿದ್ದದ್ದು ಎದುರಿಗೇ ಬಂದು ನಿಂತಿತ್ತು. ಮನೆಯಲ್ಲಿ ಸಮಾಧಾನ ಇದೆ ಎಂದು ಅವಳು ಎಷ್ಟು ಸಲ ದೇವರ ಮುಂದೆ ಸುಳ್ಳು ಹೇಳಿದ್ದಳು! ಡಾಕ್ಟರಮ್ಮನ ಮುಂದೆಯೂ ಹೇಳಿದ್ದಳು. ಈಗ ಮಗುವಿಗೂ ಆ ಸುಳ್ಳನ್ನು ಕಲಿಸಿಯಾಗಿತ್ತು. ಮೊಟ್ಟೆ ಹಿಂದಿರುಗಿಸಿ ಬಂದವಳು ಇಷ್ಟು ದೊಡ್ಡದನ್ನು ಸೆರಗಿನಲ್ಲೇ ಕಟ್ಟಿಕೊಂಡು ಓಡಾಡುತ್ತಿದ್ದಳು. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಭಾನುವಾರ ಮಂದಿರ ತುಂಬಿತ್ತು. ಪ್ರಭುಸ್ವಾಮಿ ಅಂದು ತನ್ನನ್ನೇ ಮೀರಿಸಿದ. ಮಗಳ ಕಿವಿಯ ವಿಷಯ ಬಂದಾಗ ಮಂಡಿಯೂರಿ, ಆ ಹಳೇ ಮನುಷ್ಯನ ಕೈಯನ್ನು ಕತ್ತರಿಸಿ ಹಾಕು ಸ್ವಾಮಿ ಎಂದು ತನ್ನ ಬಲಗೈಯನ್ನು ಮೇಲೆತ್ತಿ ತೋರಿಸಿದ. ಕೈ ನೆಟ್ಟಗೇ ಇತ್ತು, ವಾಚು ಹೊಳೆಯುತ್ತಿತ್ತು. ಹೆಂಗಸರು ಬಿಕ್ಕಿದರು, ಗಂಡಸರು ಸ್ತೋತ್ರ ಅಂದರು. ಪಾಸ್ಟರ್ ತೃಪ್ತಿಯಿಂದ ಕಣ್ಣು ಮುಚ್ಚಿ, ಮೈಕನ್ನು ಯಶೋದಳ ಕೈಗೆ ಕೊಟ್ಟ. ಕೀಬೋರ್ಡು ಮೆಲ್ಲಗೆ ಶುರುವಾಯಿತು. ಪ್ರಭುಸ್ವಾಮಿ ತಲೆ ಬಗ್ಗಿಸಿ ಹೆಂಡತಿಯ ಕೈಗಾಗಿ ಕಾದ.

ಯಶೋದ ಕೈಯಿಡಲಿಲ್ಲ. ಮುಂದಿನ ಸಾಲಿನಲ್ಲಿ ಸುವರ್ಣಮ್ಮನ ತುಟಿ ಅಲ್ಲಾಡತೊಡಗಿತು.

"ನಾನು ನನ್ ಪಾಪ ಒಪ್ಕಳಕ್ಕೆ ನಿಂತಿವ್ನಿ," ಎಂದಳು ಯಶೋದ. "ಮನೇಲಿ ಸಮಾಧಾನ ಅದೆ ಅಂತ ಇಲ್ಲಿ ನಿಂತ್ಕಂಡು ಎಷ್ಟೋ ಸಲ ಏಳಿವ್ನಿ. ಅದು ಸುಳ್ಳು. ನನ್ ಮಗ್ಳು ಜಗಲಿಯಿಂದ ಬಿದ್ಳು ಅಂತ ಆಸ್ಪತ್ರೇಲಿ ಏಳ್ದೆ. ಅದೂ ಸುಳ್ಳು. ನನ್ನೊಳಗಿರೋ ಯಾವ ಅಳೇ ಎಂಗ್ಸೂ ಅದ್ನ ಏಳ್ಲಿಲ್ಲ, ಯಶೋದ ಅನ್ನೋ ನಾನೇ ಏಳ್ದೆ. ಇವತ್ತಿಗೆ ಬಿಟ್ಟೆ. ಮಗಿನ ಕಿವಿ ಒಡುದೋನು ಯಾವ ಅಳೇ ಮನ್ಸನೂ ಅಲ್ಲ. ಪ್ರಭುಸ್ವಾಮಿ."

ಆ ಕಡೆಯ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ಅವನು ಹೊಡೆದದ್ದಕ್ಕೆ ತಿರುಗಿ ನೋಡದಿದ್ದ ಜನ, ಅವಳು ಹೆಸರು ಹಿಡಿದದ್ದಕ್ಕೆ ಬೆಚ್ಚಿ ತಲೆಯೆತ್ತಿದರು. ಪ್ರಭುಸ್ವಾಮಿಯ ಕಣ್ಣೀರು ನಲ್ಲಿ ತಿರುಗಿಸಿದ ಹಾಗೆ ನಿಂತುಹೋಯಿತು. ಪಾಸ್ಟರ್ ಮೈಕಿಗೆ ಕೈಹಾಕಿ, ತಂಗಿಯ ಮನಸ್ಸು ಸ್ವಸ್ಥವಿಲ್ಲ, ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸೋಣ ಎಂದ. ಕ್ಷಮೆ ಇಲ್ಲದವಳಿಗೆ ದೇವರ ಮನೆಯಲ್ಲಿ ಜಾಗವಿಲ್ಲ ಎಂದು ಹಿಂದಿನಿಂದ ಯಾರೋ ಗೊಣಗಿದರು.

"ಕ್ಷಮೆ ಕೊಡ್ತೀನಿ," ಎಂದಳು ಯಶೋದ, ಮೈಕಿಲ್ಲದೆ. "ಕುಡ್ದೋನು ನಾನು, ಒಡುದೋನು ನಾನು ಅಂತ ಬಾಯ್ಬುಟ್ಟು ಏಳಿ, ಕುಡಿಯೋದ್ ಬುಟ್ಟು, ಮಗಿಗೆ ಭಯ ಓಗೋ ಅಂಗೆ ಬಾಳಿ ತೋರುಸ್ಲಿ. ಅಲ್ಲೀಗಂಟ ಅವ್ರ ಜೊತೇಲಿ ಒಂದೇ ಮನೇಲಿ ನನ್ ಮಗ್ಳನ್ನ ಮಲಗ್ಸಲ್ಲ."

ಅವಳು ವೇದಿಕೆ ಇಳಿದು ಬಂದು, ಅಜ್ಜಿಯ ಪಕ್ಕದಲ್ಲಿದ್ದ ದೀಪನ ಕೈಹಿಡಿದು ಬಾಗಿಲ ಕಡೆ ನಡೆದಳು. ಪುಟ್ಟಮಾದಮ್ಮ ಚಾಪೆಯ ತುದಿಯಿಂದ ಮೆಲ್ಲಗೆ ಎದ್ದು ಅವರ ಹಿಂದೆ ಹೊರಟಳು. ಮಗ ಅವ್ವಾ ಎಂದು ಕರೆದದ್ದಕ್ಕೆ ಅವಳು ತಿರುಗಲಿಲ್ಲ. ಗಲಿಬಿಲಿಯಾದ ಪಾಸ್ಟರ್ ಬೇಗ ಬೇಗ ಮುಂದಿನ ಜೋಡಿಯನ್ನು ಕರೆದ. ಮಾದೇಶ ಎಂಬವನು ಕಣ್ಣೊರೆಸಿಕೊಳ್ಳಲು ಕರ್ಚೀಫು ಸಿದ್ಧಮಾಡಿಕೊಂಡು ಎದ್ದುನಿಂತ. ಅವನ ಹೆಂಡತಿ ಹೊರಗೆ ಹೋಗುತ್ತಿದ್ದ ಮೂವರನ್ನು ನೋಡುತ್ತ ಕೂತಲ್ಲೇ ಕೂತಿದ್ದಳು. ಮಾದೇಶ ಕಣ್ಸನ್ನೆ ಮಾಡಿದ, ಅವಳು ಏಳಲಿಲ್ಲ.

ಅಂದು ಅವರು ಮಾರ್ಟಳ್ಳಿಯಲ್ಲಿ ಯಶೋದಳ ಅಕ್ಕನ ಮನೆಗೆ ಹೋದರು. ಸೋಮವಾರ ಬೆಳಿಗ್ಗೆ ಅಲ್ಲಿಂದ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಬಂದರು. ಪುಟ್ಟಮಾದಮ್ಮನೂ ಜೊತೆಗೇ ಬಂದಿದ್ದಳು. ಎಷ್ಟಾದರೂ ಹೆತ್ತ ಮಗ, ಅವಳ ಮನಸ್ಸು ಎಲ್ಲಿ ತಿರುಗುವುದೋ ಎಂದು ಯಶೋದಳಿಗೆ ಒಳಗೊಳಗೇ ಅಳುಕಿತ್ತು.

ಡಾಕ್ಟರಮ್ಮ ದೀಪನ ಕಿವಿಯನ್ನು ನೋಡಿ, ವಾಸಿಯಾಗುತ್ತಿದೆ ಎಂದರು. ಆಮೇಲೆ ಪೆನ್ನು ಕೈಯಲ್ಲಿ ಹಿಡಿದು, ಹೋದ ಸಲದ ಪ್ರಶ್ನೆಯನ್ನೇ ಮತ್ತೆ ಕೇಳಿದರು. ಜಗಲಿಯಿಂದ ಬಿದ್ದಳು ಅಂದದ್ದು ಸುಳ್ಳು ಎಂದಳು ಯಶೋದ. ಮಗುವನ್ನು ಹೊಡೆದಿದ್ದಾರೆ ಎಂದಳು. ಯಾರು ಹೊಡೆದವರು ಎಂದು ಡಾಕ್ಟರಮ್ಮ ಕೇಳಿದರು.

ಯಶೋದ ಬಾಯಿ ತೆರೆಯುವಷ್ಟರಲ್ಲಿ ಮುದುಕಿ ಮೇಜಿನ ಹತ್ತಿರಕ್ಕೆ ಬಂದಳು. ದೀಪ ತನ್ನ ಒಳ್ಳೆಯ ಕಿವಿಯನ್ನು ಅಜ್ಜಿಯ ಕಡೆ ತಿರುಗಿಸಿದಳು.

"ಪ್ರಭುಸ್ವಾಮಿ ಅಂತ ಬರ್ಕಳಿ ಅವ್ವ. ಪುಟ್ಟಸಿದ್ದಯ್ಯನ ಮಗ, ನಾನೇ ಅವ್ನ ಎತ್ತ ತಾಯಿ," ಎಂದಳು ಪುಟ್ಟಮಾದಮ್ಮ. "ಒಡುದೋನು ಅವ್ನೇ. ಅವ್ರಪ್ಪ ಅಲ್ಲ."