ಏಳನೇ ಫಾರಂ

ಮಗ ಬರೆದ ಪುಸ್ತಕ ಕೈಗೆ ಬಂದಾಗ ಅಮ್ಮ ಅದನ್ನು ಓದಲು ಹೋಗಲಿಲ್ಲ. ಮೊದಲು ಬೆನ್ನು ನೋಡಿದಳು. ಎರಡೂ ರಟ್ಟುಗಳನ್ನು ಹಿಂದಕ್ಕೆ ಬಾಗಿಸಿ, ನಡುಭಾಗ ತೆರೆದು, ಹೊಲಿಗೆಯ ದಾರವನ್ನು ಉಗುರಿನಿಂದ ಮೀಟಿದಳು. ಮೂಸಿಯೂ ನೋಡಿದಳು.

"ಹೊಲಿಗೆ ಪರವಾಗಿಲ್ಲ. ಅಂಟಿಗೆ ನೀರು ಜಾಸ್ತಿ ಬೆರೆಸಿದಾರೆ," ಎಂದಳು.

ಅದು ಆ ಪುಸ್ತಕಕ್ಕೆ ಬಂದ ಮೊದಲ ವಿಮರ್ಶೆ.

ಅಮ್ಮನಿಗೆ ಐವತ್ತೆಂಟು. ಗಂಡ ತೀರಿಕೊಂಡ ವರ್ಷ ಬೈಂಡಿಂಗ್ ಅಂಗಡಿಗೆ ಸೇರಿದವಳು, ಮೂವತ್ತು ವರ್ಷದಿಂದ ಅಲ್ಲೇ ಇದ್ದಾಳೆ. ಒಂಬತ್ತನೇ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಿವಿ ಹೋದವು. ಅಷ್ಟರಲ್ಲಿ ಮಾತು ಬಂದಾಗಿತ್ತು, ಅಕ್ಷರವೂ ಕಲಿತಾಗಿತ್ತು. ಹಾಗಾಗಿ ಮಾತನಾಡುತ್ತಾಳೆ, ಓದುತ್ತಾಳೆ, ಎದುರಿಗಿರುವವರ ತುಟಿ ನೋಡಿ ವಿಷಯ ತಿಳಿದುಕೊಳ್ಳುತ್ತಾಳೆ. ತನ್ನ ದನಿ ಎಷ್ಟು ಏರಿದೆ ಎಂಬುದೊಂದು ಗೊತ್ತಾಗುವುದಿಲ್ಲ. ಮನೆಯಲ್ಲಿ ಅದಕ್ಕೊಂದು ಸನ್ನೆ ಇತ್ತು. ಅಂಗೈ ಕೆಳಮುಖ ಮಾಡಿ ಗಾಳಿಯನ್ನು ಮೆಲ್ಲಗೆ ಒತ್ತಿದರೆ ದನಿ ತಗ್ಗಿಸು ಎಂದು ಅರ್ಥ. ಮಕ್ಕಳಿಬ್ಬರೂ ನಡೆಯಲು ಕಲಿತ ಕಾಲಕ್ಕೇ ಅದನ್ನೂ ಕಲಿತಿದ್ದರು.

ಹಿರಿಯವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಅಮ್ಮನ ಜೊತೆಗೇ ಇದ್ದಾಳೆ. ಕಿರಿಯವನು ಬೇರೆ ಬಡಾವಣೆಯಲ್ಲಿ ಮನೆ ಮಾಡಿಕೊಂಡು ಭಾನುವಾರಗಳಲ್ಲಿ ಬಂದು ಹೋಗುತ್ತಾನೆ. ಅವನದು ಸ್ಟ್ಯಾಂಡ್‌ಅಪ್ ಕಾಮಿಡಿ. ಒಂದು ಮೈಕು ಹಿಡಿದು, ಒಬ್ಬನೇ ನಿಂತು, ಒಂದೂವರೆ ಗಂಟೆ ಜನರನ್ನು ನಗಿಸುವ ಕೆಲಸ. ಹೊರಗೆ ಅವನನ್ನು ಎಲ್ಲರೂ ಕರೆಯುವುದು ಮೀಸೆ ಎಂದೇ. ಏಳು ವರ್ಷದ ಹಿಂದೆ ಮೊದಲ ಸಲ ವೇದಿಕೆ ಹತ್ತುವಾಗ, ಮುಖ ತೀರ ಸಪ್ಪೆ ಎಂದು ಯಾರೋ ಹೇಳಿದ್ದಕ್ಕೆ ಪೊದೆಯಂಥ ಮೀಸೆ ಬಿಟ್ಟ. ಈಗ ಪೋಸ್ಟರುಗಳಲ್ಲಿ ಮುಖವೇ ಇರುವುದಿಲ್ಲ, ಬರೀ ಮೀಸೆ. ಪುಸ್ತಕದ ಮುಖಪುಟದ ಮೇಲಿರುವುದೂ ಅದೇ.

ಅಡುಗೆಮನೆಯಲ್ಲಿ ಅಕ್ಕ ಕೇಳಿದಳು, "ಅಮ್ಮನ ಬಗ್ಗೆ ಬರೆದಿರೋದು ಎಲ್ಲಿದೆ?"

"ತೊಂಬತ್ತೆಂಟರಿಂದ ನೂರಾ ಹನ್ನೊಂದು."

"ಜಿಪ್ಪಿನ ಕಥೆನೂ ಹಾಕಿದೀಯಾ?"

"ಹಾಕಿದೀನಿ. ಅವಳು ಓದಿ, ಬೇಡ ಅಂದ್ರೆ ಎರಡನೇ ಮುದ್ರಣದಲ್ಲಿ ತೆಗೆಸಿಬಿಡ್ತೀನಿ. ಸ್ಟೇಜ್ ಮೇಲೂ ಇನ್ನು ಹೇಳಲ್ಲ."

"ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕೋಕೆ ಬಂದಿದೀಯ," ಎಂದಳು ಅಕ್ಕ. "ಅಚ್ಚು ಹಾಕಿಸೋ ಮುಂಚೆ ಕೇಳ್ಬೇಕಿತ್ತು."

ಕೇಳುವ ಧೈರ್ಯ ಅವನಿಗಿರಲಿಲ್ಲ. ಅದಕ್ಕೆ ಕಾರಣ ಆರು ವರ್ಷ ಹಳೆಯದು. ಅವನ ಮೊದಲ ದೊಡ್ಡ ಕಾರ್ಯಕ್ರಮಕ್ಕೆ ಅಮ್ಮ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವನು ಜಿಪ್ಪಿನ ಕಥೆ ಹೇಳಿದ. ಐದನೇ ತರಗತಿಯ ಪಾಲಕರ ಸಭೆಯಲ್ಲಿ ಅಮ್ಮ ಅವನ ಕಿವಿಗೆ ಬಾಗಿ, ಗುಟ್ಟು ಎಂದುಕೊಂಡು ಹೇಳಿದ ಮಾತು ಇಡೀ ಸಭೆಗೆ ಕೇಳಿಸಿತ್ತು: "ನಿಮ್ಮ ಮೇಷ್ಟ್ರ ಪ್ಯಾಂಟಿನ ಜಿಪ್ಪು ತೆಗೆದಿದೆ." ಅವಳ ಏರಿಳಿತವಿಲ್ಲದ ದೊಡ್ಡ ದನಿಯನ್ನು ಅವನು ಹಾಗೇ ಅನುಕರಿಸಿದ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಗೊತ್ತಿದ್ದವರು ಅಮ್ಮನ ಕಡೆ ತಿರುಗಿ ನೋಡಿದರು. ಅಮ್ಮ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಚೀಲ ಎತ್ತಿಕೊಂಡು ಹೊರಟುಹೋದಳು.

ಆ ಬಗ್ಗೆ ಅವಳು ಏನೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಆಮೇಲಿನ ಭಾನುವಾರಗಳಲ್ಲಿ ಅವನು ಏನೇ ಹೇಳಿದರೂ ಅಮ್ಮನದು ಒಂದು "ಹೂಂ", ಮತ್ತೆ ಅಕ್ಕನ ಕಡೆ ತಿರುಗುವುದು. ಮಾತು ಹಾಗೆ ನಿಂತದ್ದು ಆ ದಿನದಿಂದಲೇ ಎಂದು ಅವನು ಲೆಕ್ಕ ಹಾಕಿದ್ದ.

ಅಮ್ಮ ಬೆಳಿಗ್ಗೆ ಚಹಾ ಕುಡಿದು ಕೆಲಸಕ್ಕೆ ಹೊರಡುವ ಮೊದಲು ದಿನಕ್ಕೆ ಎಂಟು ಪುಟ ಓದತೊಡಗಿದಳು. ಅಕ್ಕ ಮಾತ್ರೆಯ ಲಕೋಟೆಯ ಹಿಂದೆ ಗುರುತು ಹಾಕಿಕೊಂಡು ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದಳು.

"ಹದಿನಾಲ್ಕನೇ ಪುಟದಲ್ಲಿ ನಕ್ಕಳು. ಮೂವತ್ತೊಂದರಲ್ಲಿ ನಕ್ಕು ಕಣ್ಣು ಒರೆಸ್ಕೊಂಡ್ಳು. ಐವತ್ತೆರಡರಲ್ಲಿ ಮೂಗಿನಲ್ಲಿ."

"ಮೂಗಿನಲ್ಲಿ ಅಂದ್ರೆ?"

"ಉಸಿರು ಬಿಟ್ಲು ಕಣೋ. ನಗು ಅನ್ನೋಷ್ಟಿಲ್ಲ, ಇಲ್ಲ ಅನ್ನೋ ಹಾಗೂ ಇಲ್ಲ."

"ಐವತ್ತೆರಡು ಇಡೀ ಪುಸ್ತಕದಲ್ಲೇ ಒಳ್ಳೇ ಜೋಕು."

"ಹಾಗಿದ್ರೆ ಮೂಗಿಗೆ ಬರೆದಿದೀಯ ಬಿಡು."

ಹನ್ನೆರಡನೇ ದಿನ, ಒಂದು ಶುಕ್ರವಾರ, ಅಮ್ಮ ತೊಂಬತ್ತಾರನೇ ಪುಟ ಮುಗಿಸಿದಳು. ಶನಿವಾರ ಎಂಟು ಪುಟಕ್ಕೆ ನಿಲ್ಲಿಸಲಿಲ್ಲ. ಚಹಾ ಆರಿತು, ಅವಳು ಓದುತ್ತಲೇ ಇದ್ದಳು. ನಗಲಿಲ್ಲ. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಕೆಲಸಕ್ಕೆ ಹೋದಳು. ಅಕ್ಕನ ಲಕೋಟೆಯಲ್ಲಿ ಆ ದಿನದ ಜಾಗ ಖಾಲಿ ಉಳಿಯಿತು.

ಮರುದಿನ ಬರಲಾಗದೆ, ಅದರ ಮುಂದಿನ ಭಾನುವಾರ ಮೀಸೆ ಬಂದಾಗ ಪುಸ್ತಕ ಕಪಾಟಿನಲ್ಲಿತ್ತು. ಕೈಗೆತ್ತಿಕೊಂಡ. ತುಸು ತೆಳ್ಳಗಾದಂತೆ ಅನ್ನಿಸಿತು. ತೊಂಬತ್ತಾರನೇ ಪುಟ ತಿರುವಿದರೆ ನೂರಾ ಹದಿಮೂರು.

ಪುಸ್ತಕವೆಂದರೆ ಬಿಡಿ ಹಾಳೆಗಳ ಕಟ್ಟಲ್ಲ. ದೊಡ್ಡ ಹಾಳೆಯನ್ನು ಮಡಿಸಿ ಮಡಿಸಿ ಹದಿನಾರು ಪುಟ ಮಾಡುತ್ತಾರೆ, ಅದು ಒಂದು ಫಾರಂ. ಅಂಥ ಫಾರಂಗಳನ್ನು ಸಾಲಾಗಿ ಜೋಡಿಸಿ ಹೊಲಿಯುತ್ತಾರೆ. ಈ ಪುಸ್ತಕದಲ್ಲಿ ಹನ್ನೆರಡು ಇದ್ದವು. ಅಮ್ಮನ ಅಧ್ಯಾಯ ಪೂರ್ತಿಯಾಗಿ ಏಳನೆಯದರೊಳಗೆ ಬಂದಿತ್ತು. ಯಾರೋ ದಾರ ಕತ್ತರಿಸಿ ಅದೊಂದನ್ನೇ ತೆಗೆದು, ಉಳಿದ ಹನ್ನೊಂದನ್ನು ಹೊಸ ದಾರದಲ್ಲಿ ಹೊಲಿದು, ರಟ್ಟು ಮತ್ತೆ ಅಂಟಿಸಿದ್ದರು. ಯಾರೆಂದು ಹುಡುಕುವ ಅಗತ್ಯವಿರಲಿಲ್ಲ. ಅಷ್ಟು ನೇರವಾದ ಹೊಲಿಗೆ ಆ ಮನೆಯಲ್ಲಿ ಒಬ್ಬಳದೇ.

"ನಂಗೇನೂ ಹೇಳಿಲ್ಲ ಕಣೋ," ಎಂದಳು ಅಕ್ಕ. "ನಿನ್ನೆ ಹೀಗೆ ತಂದಿಟ್ಲು."

ಅಮ್ಮ ಸ್ನಾನ ಮುಗಿಸಿ ಬಂದಳು, ಬಡಿಸಿದಳು. ಸಭೆಯಲ್ಲಿ ಎದ್ದು ನಿಂತು ಕೆಣಕುವವರಿಗೆಲ್ಲ ಉತ್ತರ ಕೊಡುವವನು ಅಂದು ಊಟ ಮಾಡಿ ಎದ್ದು ಹೋದ.

ಸೋಮವಾರ ಬೆಳಿಗ್ಗೆ ಪ್ರಕಾಶಕರಿಗೆ ಫೋನ್ ಮಾಡಿ, ಎರಡನೇ ಮುದ್ರಣದಲ್ಲಿ ಅಮ್ಮನ ಅಧ್ಯಾಯ ಬೇಡ ಎಂದ. "ಮೊದಲನೇದು ಖರ್ಚಾಗಲಿ ಸ್ವಾಮಿ, ಆಮೇಲೆ ನೋಡೋಣ," ಎಂದರು ಅವರು. ಇನ್ನು ತಪ್ಪಾಯಿತು ಎಂದು ಅಮ್ಮನ ಮುಂದೆ ಹೇಳುವುದು ಬಾಕಿ ಇತ್ತು. ಒಂದು ಗಂಟೆಯ ಊಟದ ಬಿಡುವಿನ ಹೊತ್ತಿಗೆ ಸರಿಯಾಗಿ ಬೈಂಡಿಂಗ್ ಅಂಗಡಿಗೆ ಹೋದ.

ಕತ್ತರಿಸುವ ಯಂತ್ರ ಕೊನೆಯ ಕಟ್ಟನ್ನು ಕತ್ತರಿಸುತ್ತಿತ್ತು. ಪ್ರತಿ ಸಲ ಅಲಗು ಇಳಿದಾಗಲೂ ನೆಲ ಅದುರುತ್ತಿತ್ತು. ಆರು ಜನರ ಅಂಗಡಿ, ಐದು ಜನ ಕಿವಿಗೆ ಹತ್ತಿ ತುರುಕಿಕೊಂಡಿದ್ದರು.

"ಬಾರಪ್ಪ ಮೀಸೆ," ಎಂದ ಮೇಸ್ತ್ರಿ, ಯಂತ್ರದ ಸದ್ದಿನ ಮೇಲೆ ಕೂಗಿ. "ಮಿಷನ್ ನಿಲ್ಲೋ ತನಕ ನಗಿಸಬೇಡ. ಹೋದ ಸಲ ನೀನು ಬಂದು ಹೋದ್ಮೇಲೆ ಎಲ್ಲರ ಬೆರಳೂ ಎಣಿಸಿದೀನಿ."

ಅಮ್ಮ ಕಿಟಕಿಯ ಪಕ್ಕದ ಮೇಜಿನ ಮುಂದೆ ಫಾರಂ ಮಡಿಸುತ್ತಿದ್ದಳು. ಮೀಸೆ ಅವಳೆದುರು ನಿಂತ.

"ಅಮ್ಮ, ತಪ್ಪಾಯ್ತು. ಆ ಕಥೆ ಇನ್ನು ಎಲ್ಲೂ ಹೇಳಲ್ಲ."

"ಹೂಂ," ಎಂದಳು ಅಮ್ಮ. "ಊಟ ಆಯ್ತಾ?"

"ನಾನು ಹೇಳಿದ್ದು ಅರ್ಥ ಆಯ್ತಾ?"

"ಹೂಂ."

"ಏನು ಹೇಳಿದೆ, ಹೇಳು ನೋಡೋಣ."

"ಹೂಂ," ಎಂದು ಅಮ್ಮ ಮಡಿಕೆಯನ್ನು ತೀಡಿದಳು.

ಮೀಸೆ ಕತ್ತರಿಸಿ ನೆಲಕ್ಕೆ ಬಿದ್ದಿದ್ದ ಕಾಗದದ ಪಟ್ಟಿಯೊಂದನ್ನು ಎತ್ತಿ, ಅವಳ ಪೆನ್ನಿನಲ್ಲೇ ಬರೆದ: ಏಳನೇ ಫಾರಂ ಎಲ್ಲಿ?

ಅಮ್ಮ ಓದಿದಳು. ಎದ್ದು, ಮೂಲೆಯಲ್ಲಿ ಭಾರ ಹೇರಿದ್ದ ಕಬ್ಬಿಣದ ತುಂಡನ್ನು ಎತ್ತಿ, ಕೆಳಗಿದ್ದ ತೆಳು ಪುಸ್ತಕವನ್ನು ಹೊರತೆಗೆದಳು. ನೀಲಿ ರಟ್ಟು, ಬಟ್ಟೆಯ ಬೆನ್ನು.

"ಬರೋ ಭಾನುವಾರ ಕೊಡೋಣ ಅಂತಿದ್ದೆ. ಅಂಟು ಇನ್ನೂ ಹಸಿ ಇದೆ, ಜಾಸ್ತಿ ಅಗಲಿಸಬೇಡ," ಎಂದಳು. "ದೊಡ್ಡ ಪುಸ್ತಕದ ಹೊಲಿಗೆ ಬಿಚ್ಚಿ ಹಾಗೇ ಬಿಡೋಕೆ ಮನಸ್ಸಾಗ್ಲಿಲ್ಲ. ಹೊಲಿದಿಟ್ಟೆ."

ಅದು ಏಳನೇ ಫಾರಮ್ಮೇ. ಎಂಟು ಎಲೆ, ಪ್ರತಿ ಎಲೆಯ ನಂತರ ಒಂದೊಂದು ಬಿಳಿ ಹಾಳೆ ಸೇರಿಸಿ ಹೊಲಿದಿತ್ತು. ಬಿಳಿ ಹಾಳೆಗಳ ಮೇಲೆ ಅಮ್ಮನ ಗುಂಡು ಅಕ್ಷರ.

ಅಮ್ಮನ ಬೆನ್ನ ಹಿಂದೆ ನಿಂತು ಅವಳನ್ನು ಬೈಯುವ ಸೌಲಭ್ಯ ನಮ್ಮ ಮನೆಯಲ್ಲಿ ಮಾತ್ರ ಇತ್ತು ಎಂದು ಅವನು ಬರೆದಿದ್ದ. ಪಕ್ಕದಲ್ಲಿ ಅಮ್ಮ ಬರೆದಿದ್ದಳು: "ಬೀರುವಿಗೆ ಕನ್ನಡಿ ಇತ್ತು. ಏಳನೇ ಕ್ಲಾಸಿನಲ್ಲಿ ನೀನು ನನ್ನನ್ನು ಎಮ್ಮೆ ಎಂದಿದ್ದು ನಾಲ್ಕು ಸಲ. ಎರಡನೇ ಸಲ ತಪ್ಪು ನನ್ನದೇ, ಬಿಟ್ಟೆ."

ಕಳ್ಳರು ಮನೆ ದೋಚಿದರೂ ಅಮ್ಮನಿಗೆ ತಿಳಿಯುತ್ತಿರಲಿಲ್ಲ ಎಂಬ ಪುಟದ ಎದುರು: "ಕಳ್ಳ ಬಂದಿದ್ದ. ನಿನಗೆ ಎಂಟು ವರ್ಷ. ನೆಲ ಅದುರಿ ಎಚ್ಚರವಾಯಿತು, ಪೊರಕೆ ತೋರಿಸಿ ಓಡಿಸಿದೆ. ಕಿವಿ ಚೆನ್ನಾಗಿರುವ ಇಬ್ಬರೂ ಮಲಗಿಯೇ ಇದ್ದಿರಿ."

ಮೀಸೆ ಕಾಗದದ ಕಟ್ಟಿನ ಮೇಲೆ ಕುಳಿತ. ಯಂತ್ರ ನಿಂತಿತ್ತು. ಜಿಪ್ಪಿನ ಪುಟ ಬಂತು, ನೂರಾ ಎಂಟು.

"ಇದು ನಿಜ. ಮೇಷ್ಟ್ರು ಆಮೇಲೆ ಸರಿಮಾಡಿಕೊಂಡರು. ಆದರೆ ಉಳಿದವರಿಗೂ ಕೇಳಿಸಿತ್ತು ಎಂದು ನನಗೆ ಗೊತ್ತಿರಲಿಲ್ಲ. ಇಪ್ಪತ್ತನಾಲ್ಕು ವರ್ಷ ಅದನ್ನು ನಿನ್ನ ಕಿವಿಯಲ್ಲಿ ಹೇಳಿದೆ ಎಂದೇ ತಿಳಿದಿದ್ದೆ. ಓದಿದ ದಿನ ಸ್ವಲ್ಪ ಬೇಜಾರಾಯಿತು. ನನ್ನ ಇನ್ನೂ ಯಾವ್ಯಾವ ಗುಟ್ಟು ಊರಿಗೆಲ್ಲ ಗೊತ್ತು, ಪಟ್ಟಿ ಮಾಡಿ ಕೊಡು."

ಕೊನೆಯ ಪುಟದಲ್ಲಿ ಅವನು ಬರೆದಿದ್ದ ಜೋಕು ಇದು: ಒಂದು ಸಲ ಅಮ್ಮ ನನ್ನ ಕಾರ್ಯಕ್ರಮದ ಮಧ್ಯೆ ಎದ್ದು ಹೋದಳು, ಕಿವಿ ಕೇಳದವರಿಂದಲೂ ತಡೆಯಲಾಗಲಿಲ್ಲ ನೋಡಿ. ಅದರ ಪಕ್ಕದ ಬಿಳಿ ಹಾಳೆ ಪೂರ್ತಿ ತುಂಬಿತ್ತು.

"ಆವತ್ತು ಮೈಕು ನಿನ್ನ ಬಾಯಿಗೆ ಅಡ್ಡ ಇತ್ತು. ಎಲ್ಲರೂ ನಕ್ಕು ನನ್ನ ಕಡೆ ತಿರುಗಿದರು. ನನ್ನ ವಿಷಯ ಏನೋ ಹೇಳಿದೆ ಎಂದು ತಿಳಿಯಿತು, ಏನೆಂದು ತಿಳಿಯಲಿಲ್ಲ. ನಾನೂ ನಗಬೇಕೋ ಬೇಡವೋ ಗೊತ್ತಾಗದೆ ಎದ್ದು ಬಂದೆ. ಈಗ ಓದಿದೆ. ನಗಬಹುದಿತ್ತು.

"ಮೈಕು ಇಲ್ಲದಾಗ ಮೀಸೆ ಅಡ್ಡ. ಏಳು ವರ್ಷದಿಂದ ನಿನ್ನ ಮಾತು ಅರ್ಧಕ್ಕರ್ಧ ತಿಳಿಯುತ್ತಿಲ್ಲ. ಹೂಂ ಎಂದು ಕಳಿಸುತ್ತೇನೆ. ಅಕ್ಕನಿಗೂ ಹೇಳಿಲ್ಲ, ಹೇಳಿದರೆ ನಿನಗೆ ಬೈಯುತ್ತಾಳೆ. ಜನ ನಿನ್ನನ್ನು ಮೀಸೆ ಎಂದೇ ಕರೆಯುತ್ತಾರಂತೆ. ಅನ್ನ ಕೊಡುವುದನ್ನು ಬೋಳಿಸು ಎಂದು ಹೇಗೆ ಹೇಳಲಿ? ಅದು ಇರಲಿ. ನೀನು ಹೀಗೇ ಬರೆದು ಕೊಡುತ್ತಿರು. ಅಕ್ಷರ ಇನ್ನೊಂಚೂರು ದೊಡ್ಡದಿರಲಿ."

ಮೀಸೆ ಪುಸ್ತಕ ಮುಚ್ಚಿದ. ಮತ್ತೆ ತೆರೆದು ಕೊನೆಯ ಹಾಳೆ ಓದಿದ. ಗಡಿಯಾರ ನೋಡಿದ: ಒಂದು ಇಪ್ಪತ್ತು. ಪುಸ್ತಕವನ್ನು ಅಮ್ಮನ ಕೈಗೆ ಕೊಟ್ಟು, ಬಂದೆ ಎಂದು ಬೆರಳು ತೋರಿಸಿ ಹೊರಗೆ ಓಡಿದ.

ಕ್ಷೌರದಂಗಡಿ ಅಲ್ಲಿಂದ ಮೂರನೇ ಬಾಗಿಲು. "ಟ್ರಿಮ್ಮಾ?" ಎಂದ ಕ್ಷೌರಿಕ. ಪೂರ್ತಿ ಎಂದಾಗ ಕತ್ತರಿಯನ್ನು ಕೆಳಗಿಟ್ಟ. "ಮನೇಲಿ ಕೇಳಿದೀರಾ ಸಾರ್?"

"ಮನೇಲಿ ಕೇಳಿಸ್ಕೊಂಡೇ ಬಂದಿದೀನಿ."

ಒಂದು ನಲವತ್ತಕ್ಕೆ ವಾಪಸು ಬಂದಾಗ ಮೇಸ್ತ್ರಿ ಡಬ್ಬಿಯಿಂದ ತಲೆಯೆತ್ತಿ, "ಯಾರು ಬೇಕಿತ್ತು?" ಎಂದ. ಆಮೇಲೆ ಗುರುತು ಹತ್ತಿ, ತುತ್ತು ನುಂಗುವುದನ್ನೇ ಮರೆತ.

ಅಮ್ಮ ಮಗನ ಮುಖವನ್ನು ಬೆಳಕಿನ ಕಡೆ ತಿರುಗಿಸಿದಳು. ಅಂಟು ಮೆತ್ತಿದ ಹೆಬ್ಬೆರಳಿನಿಂದ ಅವನ ಮೇಲ್ದುಟಿಯನ್ನು ಒಮ್ಮೆ, ಹೊಸ ಮಡಿಕೆ ತೀಡುವ ಹಾಗೆ ಸವರಿದಳು.

"ನಿಮ್ಮಪ್ಪನ ತುಟಿ," ಎಂದಳು. "ಮರೆತೇ ಹೋಗಿತ್ತು. ನಾಳೆ ಊಟಕ್ಕೇನು ಮಾಡ್ತೀಯೋ, ಹುಚ್ಚ?"

"ಮೀಸೆ ಬೋಳಿಸಿದ ಕಥೆ ಹೇಳ್ತೀನಿ," ಎಂದ ಅವನು, ದನಿ ಹೊರಡಿಸದೆ, ತುಟಿಯಲ್ಲಷ್ಟೇ.

ಈ ಸಲ ಅಮ್ಮ ಹೂಂ ಎನ್ನಲಿಲ್ಲ. "ಅದಕ್ಕೂ ಜನ ಬರ್ತಾರಾ?" ಎಂದು ಕೇಳಿದಳು.

ಅವನು ಕಾಗದದ ಕಟ್ಟಿನ ಮೇಲೆ ಅವಳೆದುರು ಕುಳಿತು, ಅಮ್ಮನ ಅಧ್ಯಾಯವನ್ನು ಮೊದಲಿನಿಂದ ಹೇಳತೊಡಗಿದ. ಮೈಕಿಲ್ಲ, ಸದ್ದಿಲ್ಲ. ವೇದಿಕೆಯ ಮೇಲೆ ಎಲ್ಲಿ ನಿಲ್ಲಿಸುತ್ತಿದ್ದನೋ ಅಲ್ಲಲ್ಲೇ ನಿಲ್ಲಿಸಿದ. ಅಮ್ಮ ಅವನ ಬಾಯಿಯಿಂದ ಕಣ್ಣು ಕೀಳಲಿಲ್ಲ. ಅವಳ ಕನ್ನಡಿಯನ್ನು ಸೇರಿಸಿ ಹೇಳಿದಾಗ ಮೂಗಿನಲ್ಲಿ ಉಸಿರು ಬಿಟ್ಟಳು. ಕಳ್ಳನ ಭಾಗ ಬಂದಾಗ, "ಪೊರಕೆ, ಪೊರಕೆ ಹೇಳೋದು ಬಿಟ್ಟೆ," ಎಂದು ತಿದ್ದಿದಳು. ಊಟ ಮಾಡುತ್ತಿದ್ದವರಿಗೆ ಅಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಲಿಲ್ಲ. ಒಬ್ಬ ಬಾಯಿ ಆಡಿಸುತ್ತಿದ್ದ, ಒಬ್ಬಳು ನೋಡುತ್ತಿದ್ದಳು.

ನೂರಾ ಎಂಟನೇ ಪುಟ ಬಂದಾಗ ಅವನು ಅದನ್ನು ಹಾರಿಸಿ ಮುಂದಕ್ಕೆ ಹೋದ.

ಅಮ್ಮ ಕೈ ಅಡ್ಡ ಮಾಡಿದಳು. ಮುಂದೆ ಬಾಗಿ, ಅವನ ಕಿವಿಯ ಹತ್ತಿರ ಬಾಯಿ ತಂದು, ಅವನೊಬ್ಬನಿಗೇ ಎಂಬಂತೆ ಹೇಳಿದಳು.

"ಪ್ಯಾಂಟಿನ ಜಿಪ್ಪು!"

ಯಂತ್ರ ನಿಂತಿದ್ದ ಅಂಗಡಿಯ ಮೂಲೆಮೂಲೆಗೂ ಅದು ಕೇಳಿಸಿತು. ಮೇಸ್ತ್ರಿ ಡಬ್ಬಿ ಕೆಳಗಿಟ್ಟು ತನ್ನ ಪ್ಯಾಂಟು ನೋಡಿಕೊಂಡ. ಅವನ ಪಕ್ಕದ ಇಬ್ಬರೂ ಬಗ್ಗಿ ನೋಡಿಕೊಂಡರು.

ಅಮ್ಮ ತಿರುಗಿ ಅವರನ್ನು ನೋಡಿದಳು. ಏನಾಯಿತೆಂದು ಅವಳಿಗೆ ಆ ಕ್ಷಣವೇ ತಿಳಿಯಿತು. ನಗು ಹೊಟ್ಟೆಯಿಂದ ಬಂತು, ದೊಡ್ಡದಾಗಿ, ತನಗೆ ಮಾತ್ರ ಕೇಳಿಸದ ಆ ಸದ್ದಿನಲ್ಲಿ. ಮಗನ ಅಂಗೈ ಅಭ್ಯಾಸಬಲದಿಂದ ಕೆಳಮುಖವಾಗಿ ಮೇಲೆದ್ದಿತ್ತು. ಅವನು ಅದನ್ನು ತೊಡೆಯ ಕೆಳಗೆ ಸೇರಿಸಿ ಅದರ ಮೇಲೆ ಕುಳಿತುಕೊಂಡ.

ಅವಳು ಕಣ್ಣು ಒರೆಸಿಕೊಳ್ಳುವವರೆಗೆ ಕಾದು, "ಸರಿ, ಜಿಪ್ಪಿಂದು," ಎಂದು ತುಟಿ ಅಗಲಿಸಿ ಹೇಳಿದ. ಬಿಡುವು ಮುಗಿಯಲು ಇನ್ನೂ ಏಳು ನಿಮಿಷ ಇತ್ತು.