ತುಂಬ್ಯಾವ, ಹಚ್ಚ

ಸಂಪಗಾಂವದ ಮುದಕಪ್ಪಗೌಡರ ಮಗ ಅಂದಾನೆಪ್ಪ ಬಿ.ಎ. ಓದಲೆಂದು ಪುಣೆಗೆ ಹೋಗಿ, ಮೂರು ವರ್ಷಕ್ಕೆ ಎರಡು ಸಂಗತಿ ಸಂಪಾದಿಸಿಕೊಂಡು ಬಂದ. ಒಂದು, ಯಾರ ದನಿಯನ್ನಾದರೂ ಎತ್ತಿ ತನ್ನ ಗಂಟಲಲ್ಲಿ ಇಟ್ಟುಕೊಳ್ಳುವ ವಿದ್ಯೆ. ಇನ್ನೊಂದು, ನೀರು ಕಾಯಿಸುವ ತಾಮ್ರದ ಬಂಬು. ಪರೀಕ್ಷೆಯ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಚಕ್ಕಡಿಯಿಂದ ಬಂಬನ್ನು ಎತ್ತಿ ಇಳಿಸುವುದರಲ್ಲೇ ಎಲ್ಲರಿಗೂ ಸಾಕಾಗಿತ್ತು.

ಬಂಬು ಎದೆಯುದ್ದ ಇತ್ತು. ಕೆಳಗೆ ಬೆಂಕಿಯ ಗೂಡು, ನಡುವೆ ಹೊಗೆಯ ಕೊಳವೆ, ಕೊಳವೆಯ ಸುತ್ತ ನೀರು, ಪಕ್ಕಕ್ಕೊಂದು ಹಿತ್ತಾಳೆಯ ನಳ. ಕೂಡಿಸಿಕೊಟ್ಟ ಕಂಚಗಾರ ಹೋಗುವಾಗ ಹೇಳಿದ್ದು ಎರಡೇ ಮಾತು.

"ವಾರಕ್ಕೊಮ್ಮೆ ನೀರ ಪೂರಾ ಬಿಟ್ಟು ಹುಣಸಿಹುಳಿ ಹಚ್ಚಿ ಒಳಗ ಕಟ್ಟಿದ ಉಪ್ಪಿನ ಸವಳ ತಿಕ್ಕಿ ತಗೀರಿ. ಮತ್ತ ನೀರ ಇಲ್ಲದಾಗ ಬೆಂಕಿ ತೋರಸಬ್ಯಾಡ್ರಿ, ಬೆಸಿಗಿ ಕರಗಿ ಹೊಕ್ಕೈತಿ."

ಬಚ್ಚಲಲ್ಲಿದ್ದ ಹಳೆಯ ಹಂಡೆ ತೆಗೆದು ಅದೇ ಜಾಗದಲ್ಲಿ ಬಂಬು ಇಟ್ಟರು. ಬೆಂಕಿಯ ಗೂಡು ಮಾತ್ರ ಮೊದಲಿನಂತೆ ಗೋಡೆಯ ಕಿಂಡಿಗೆ, ಹಿತ್ತಲ ಕಡೆಗೆ ಬಾಯಿ ಮಾಡಿರಬೇಕಾಗಿತ್ತು. ಏಕೆಂದರೆ ಬೆಂಕಿ ಹಾಕುವವಳು ಕಾಡವ್ವ. ಆ ಮನೆಯಲ್ಲಿ ಅವಳ ಕೈ ಬೆಂಕಿಗೆ ನಡೆಯುತ್ತಿತ್ತು, ನೀರಿಗೆ ನಡೆಯುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಆ ಮನೆಯ ನೀರು ಕಾಯಿಸಿದ್ದಳು. ಕಾದ ನೀರು ಹೇಗಿರುತ್ತದೆಂದು ಒಮ್ಮೆಯೂ ಕಂಡಿರಲಿಲ್ಲ. ನೀರು ತುಂಬುವವಳು ಗೌಡರ ಹೆಂಡತಿ ಗುರುಬಸವ್ವ. ಹೀಗಾಗಿ ದಿನಾ ನಸುಕಿನಲ್ಲಿ ಗೋಡೆಯಾಚೆಯಿಂದ ಒಂದು ದನಿ ಕೇಳುತ್ತಿತ್ತು.

"ನೀರ ತುಂಬ್ಯಾವೇನ್ರೀ ಅವ್ವಾರ?"

ಒಳಗಿನಿಂದ ಮೂಗಿನಲ್ಲಿ ಎಳೆದ ಉತ್ತರ ಬರುತ್ತಿತ್ತು.

"ತುಂಬ್ಯಾವ, ಹಚ್ಚ!"

ಇಷ್ಟಾದ ಮೇಲೆ ಕಾಡವ್ವ ಸಗಣಿಯ ಕುಳ್ಳು ಜೋಡಿಸಿ ಬೆಂಕಿ ಹಚ್ಚಿ, ಕಿಂಡಿಯ ಮುಂದೆ ಕುಂತು ಮೊಳಕಾಲು ಕಾಯಿಸಿಕೊಳ್ಳುವಳು, ಕೆಮ್ಮುವಳು. ಹೊತ್ತೇರಿದಾಗ ಬೂದಿ ಬಳಿದರೆ ಎರಡು ರೊಟ್ಟಿ, ಗಡಿಗೆಯ ಚೂರಿನಲ್ಲಿ ಒಯ್ಯಲು ನಾಲ್ಕು ಕೆಂಡ. ಗಂಡ, ಮಕ್ಕಳು ಯಾರೂ ಉಳಿದಿರಲಿಲ್ಲ. ಆ ಎರಡು ರೊಟ್ಟಿ ಬಿಟ್ಟರೆ ಅವಳ ದಿನಕ್ಕೆ ಮೂರನೆಯದು ಇರಲಿಲ್ಲ.

ದೀಪಾವಳಿ ಮುಗಿದ ಮೇಲಿನ ಒಂದು ಸೋಮವಾರ. ಗುರುಬಸವ್ವ ಬಂಬಿನ ನೀರು ಬಿಟ್ಟು, ಒಳಗೆಲ್ಲ ಹುಣಸೆಹುಳಿ ಬಳಿದು, ಅದು ನೆನೆಯುವಷ್ಟರಲ್ಲಿ ಬರುತ್ತೇನೆಂದು ಬಸವಣ್ಣನ ಗುಡಿಗೆ ಹೋದಳು. ಅಂದಾನೆಪ್ಪ ಅಂಗಳದಲ್ಲಿ ಬೇವಿನ ಕಡ್ಡಿ ಅಗಿಯುತ್ತ ನಿಂತಿದ್ದ. ಗೋಡೆಯಾಚೆಯಿಂದ ಪ್ರಶ್ನೆ ಬಂತು.

"ನೀರ ತುಂಬ್ಯಾವೇನ್ರೀ ಅವ್ವಾರ?"

ಬಂಬಿನಲ್ಲಿ ನೀರಿದೆಯೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ನೋಡಬೇಕು ಅನ್ನಿಸಲೂ ಇಲ್ಲ. ಅವನಿಗೆ ಅನ್ನಿಸಿದ್ದು ಒಂದೇ: ಅವ್ವನ ದನಿ ಇಲ್ಲಿ ನಡೆದೀತೇ? ಕಡ್ಡಿ ಉಗಿದು, ಮೂಗಿನಲ್ಲಿ ಎಳೆದ.

"ತುಂಬ್ಯಾವ, ಹಚ್ಚ!"

ನಡೆಯಿತು. ಖುಷಿಯಲ್ಲಿ ಅವನು ಹೊಲದ ಕಡೆ ಹೋದ.

ಗುರುಬಸವ್ವ ಗುಡಿಯಿಂದ ಬರುವಷ್ಟರಲ್ಲಿ ಬಚ್ಚಲ ತುಂಬ ಸುಟ್ಟ ಹುಳಿಯ ಹೊಗೆ. ಬೆಸುಗೆ ಕಣ್ಣೀರಿನಂತೆ ಇಳಿದು ನಳ ಕಳಚಿ ಬಿದ್ದಿತ್ತು. ಬಂಬಿನ ಹೊಟ್ಟೆ ಕಪ್ಪಾಗಿ ಒಂದು ಮಗ್ಗುಲು ಡೊಂಕಾಗಿತ್ತು.

ಮಧ್ಯಾಹ್ನ ಹಿತ್ತಲಲ್ಲೇ ವಿಚಾರಣೆ ಆಯಿತು. ಮುದಕಪ್ಪಗೌಡರು ಕಟ್ಟೆಯ ಮೇಲೆ ಕೂತರು. ಕಾಡವ್ವ ಬೂದಿಗುಂಡಿಯ ಹತ್ತಿರ ನಿಂತಳು.

"ಯಾರ ಹಚ್ಚಂದ್ರ ನಿನಗ?"

"ಅವ್ವಾರ ಅಂದ್ರಿ ಗೌಡ್ರ."

"ನಾ ಗುಡ್ಯಾಗ ಇದ್ನೆಲ್ಲ!" ಎಂದಳು ಗುರುಬಸವ್ವ. "ಬಾಯಿ ಒಂದ ಮನ್ಯಾಗ ಬಿಟ್ಟ ಹೋಗಿದ್ನೇನಲೇ ಕಾಡಿ?"

"ನಿಮ್ಮ ದನಿನ ಇತ್ರೀ ಅವ್ವಾರ. ಬಸವಣ್ಣನಾಣಿ."

ಗೌಡರು ಮಗನ ಮುಖ ನೋಡಿದರು. ಗುರುಬಸವ್ವನೂ ನೋಡಿದಳು. ಈ ಮನೆಯಲ್ಲಿ ಬಾಯಿ ಬಿಟ್ಟು ಹೋದರೆ ಎತ್ತಿಕೊಳ್ಳುವವನು ಯಾರೆಂದು ಇಬ್ಬರಿಗೂ ಗೊತ್ತಿತ್ತು. ಅಂದಾನೆಪ್ಪ ಮುಗುಳ್ನಕ್ಕ.

"ಅಪ್ಪಾ, ಒಂದು ಪರೀಕ್ಷಾ ಮಾಡೋಣು. ಈಕಿ ಇಲ್ಲೇ ಗೋಡಿ ಕಡೆ ಮಾರಿ ಮಾಡಿ ನಿಂದರ್ಲಿ. ನಾವು ಒಳಗ ಹೋಗಿ ಅವ್ವ ಒಂದ ಸಲ, ನಾ ಒಂದ ಸಲ ಕೂಗತೇವಿ. ಯಾವ ದನಿ ಯಾರದಂತ ಹೇಳಲಿ."

ಪುಣೆಯ ಪರೀಕ್ಷೆಗೂ ಅವನು ಇಷ್ಟು ಹುರುಪಿನಿಂದ ಕೂತಿರಲಿಲ್ಲ.

ಕಾಡವ್ವ ಗೋಡೆಗೆ ಕಿವಿ ಹಚ್ಚಿದಳು. ಬರೋಬ್ಬರಿ ಹೇಳಿದರೆ ನಾಳೆಯೂ ರೊಟ್ಟಿ ಉಂಟು ಎಂದುಕೊಂಡಳು. ಒಳಗಿನಿಂದ ಮೂಗಿನಲ್ಲಿ ಎಳೆದ ದನಿ ಬಂತು.

"ತುಂಬ್ಯಾವ, ಹಚ್ಚ!"

"ಇದು ಅವ್ವಾರದ್ರೀ!"

ಎರಡನೆಯದು ನಗೆ ತಡೆದು ಸ್ವಲ್ಪ ಗೊಗ್ಗರಾಗಿ ಬಂತು.

"ತುಂಬ್ಯಾವ, ಹಚ್ಚ!"

"ಇದು ಸಣ್ಣಗೌಡ್ರದು. ಖರೇನ ಸಣ್ಣಗೌಡ್ರದ್ರೀ!"

ಒಳಗೆ ಗುರುಬಸವ್ವ ಬಿದ್ದು ಬಿದ್ದು ನಕ್ಕಳು. ಎರಡನೆಯ ದನಿ ಅವಳದೇ ಆಗಿತ್ತು. ಮಗನೊಡನೆ ಹೊರಗೆ ಬಂದು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಗಂಡನಿಗೆ ಹೇಳಿದಳು.

ಕಾಡವ್ವನಿಗೆ ಅದು ತಿಳಿಯಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವಳ ಮುಖ ಅರಳಿತು.

"ನೋಡ್ರಿ ಗೌಡ್ರ, ನೀವ ನೋಡಿದ್ರಿ! ಈಗೂ ನನಗ ಗುರ್ತ ಹತ್ತಲಿಲ್ಲ. ಅಂದ್ರ ಮುಂಜಾನಿನೂ ಹಿಂಗ ಆಗೇತಿ. ನಂದೇನ ತಪ್ಪೈತ್ರಿ?"

ಮಾತು ಸರಿಯಾಗಿತ್ತು. ಅದೇ ತೊಡಕು. ಗೌಡರು ಮೀಸೆ ನೀವಿಕೊಂಡರು. ಬೂದಿಗುಂಡಿಯ ಹತ್ತಿರ ನಿಂತವಳ ಮುಂದೆ ಹೊಟ್ಟೆಯ ಮಗನನ್ನು ತಪ್ಪಿಗೆ ನಿಲ್ಲಿಸುವ ರೂಢಿ ಆ ಮನೆಯಲ್ಲಿ ಇರಲಿಲ್ಲ.

"ಇಪ್ಪತ್ತೆಂಟ ವರ್ಸ ಈ ಮನಿ ರೊಟ್ಟಿ ತಿಂದಿ," ಎಂದರು ಕೊನೆಗೆ. "ಮನಿ ಒಡತಿ ದನಿ ಗುರ್ತ ಸಿಗವಲ್ದು ಅಂದ್ರ ನಿನ್ನ ಕಿವಿ ಹೋಗ್ಯಾವ ಕಾಡಿ. ಕಿವಿ ಇಲ್ಲದಾಕಿ ಕೈಯಾಗ ಬೆಂಕಿ ಹ್ಯಾಂಗ ಕೊಡೂದು? ನಾಳಿಂದ ಬರಬ್ಯಾಡ."

"ಕಿವಿ ಬೇಷ್ ಅದಾವ್ರೀ ಗೌಡ್ರ!"

"ಆಂ? ಏನಂದಿ?" ಎಂದು ಅಂದಾನೆಪ್ಪ ಕಿವಿಗೆ ಕೈ ಹಚ್ಚಿ ಕಿವುಡನಂತೆ ಬಾಗಿದ. ಗೌಡರಿಗೂ ನಗೆ ತಡೆಯಲಿಲ್ಲ.

"ಇವತ್ತಿನ ಬೂದಿ ಬಳದು ಹೋಗ," ಎಂದಳು ಗುರುಬಸವ್ವ.

ಬಳಿದು ಹೋದಳು.

ಕಂಚಗಾರ ಬಂದು ಬೆಸುಗೆ ಹಾಕಿ ಬಂಬನ್ನು ಸರಿಮಾಡಿದ. ಬೆಂಕಿಗೆ ಲಗಮವ್ವ ಎಂಬ ಹರೆಯದ ಹೆಣ್ಣುಮಗಳು ಬಂದಳು. ಅವಳು ಏನೂ ಕೇಳುತ್ತಿರಲಿಲ್ಲ. ಗುರುಬಸವ್ವ ತಾನೇ ಹಿತ್ತಲಿಗೆ ಬಂದು ಮುಖ ತೋರಿಸಿ ಹೇಳಿದರೆ ಮಾತ್ರ ಹಚ್ಚುತ್ತಿದ್ದಳು. ಕಾಡವ್ವ ಹೋದರೂ ಅವಳ ದನಿ ಮನೆಯಲ್ಲೇ ಉಳಿಯಿತು. ಅಂದಾನೆಪ್ಪ ದಿನಾ ಬಚ್ಚಲಿಗೆ ಹೋಗುವಾಗ "ನೀರ ತುಂಬ್ಯಾವೇನ್ರೀ ಅವ್ವಾರ?" ಎಂದು ನಡುಗುತ್ತ ಕೂಗುವನು. ಗುರುಬಸವ್ವ ಅಡಿಗೆಮನೆಯಿಂದ ನಗುವಳು. ಬೀಗರು ಬಂದಾಗಲೂ ಅದನ್ನು ಮಾಡಿಸುತ್ತಿದ್ದರು.

ಪುಷ್ಯಮಾಸದ ಥಂಡಿಯಲ್ಲಿ ಲಗಮವ್ವನಿಗೆ ಜ್ವರ ಬಂತು. ಸುದ್ದಿ ಕಾಡವ್ವನ ಕಿವಿಗೆ ಬಿತ್ತು. ಕಿವಿ ಬೇಷ್ ಇದ್ದವು. ನಸುಕಿನಲ್ಲೇ ಗಡಿಗೆಯ ಚೂರಿನಲ್ಲಿ ಯಾರದೋ ಒಲೆಯ ಕೆಂಡ ಬೇಡಿ ತಂದು, ಹಿತ್ತಲಿಗೆ ಬಂದು, ಕಿಂಡಿಯಲ್ಲಿ ಕುಳ್ಳು ಜೋಡಿಸಿದಳು. ಎಷ್ಟು ಸೊರಗಿದ್ದಳೆಂದರೆ ಜೋಡಿಸಲು ಎರಡು ಸಲ ಕೂರಬೇಕಾಯಿತು. ಆಮೇಲೆ ಗೋಡೆ ಹಿಡಿದು ನಿಂತು ಕೇಳಿದಳು.

"ನೀರ ತುಂಬ್ಯಾವೇನ್ರೀ ಅವ್ವಾರ?"

ಕೆಮ್ಮು ಒತ್ತರಿಸಿ ಬಂತು. ತಡೆದು ಮತ್ತೆ ಕೇಳಿದಳು.

"ಅವ್ವಾರ, ನಾನ್ರೀ... ನೀರ ತುಂಬ್ಯಾವೇನ್ರೀ?"

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಗುರುಬಸವ್ವ ಕಿಲಕಿಲ ನಕ್ಕಳು.

"ಸಾಕ ಬಿಡೋ ಅಂದಾನೀ! ಇವತ್ತ ಖರೇ ಕಾಡೀನ ಬಂದ ನಿಂತಂಗ ಆತು ನೋಡ!"

ಅಂದಾನೆಪ್ಪ ಬಚ್ಚಲಲ್ಲೇ ಇದ್ದ, ಅಂಗಿ ಕಳಚಿ, ತಣ್ಣನೆಯ ಬಂಬಿನ ಪಕ್ಕದಲ್ಲಿ. ಬಂಬಿನ ಮಗ್ಗುಲಿಗೆ ಉಳಿದ ಕಿಂಡಿಯ ಸಂದಿಯಿಂದ, ಬೂದಿಯ ಆಚೆ, ಎರಡು ಬರಿಗಾಲು ಅವನಿಗೆ ಕಾಣುತ್ತಿದ್ದವು. ಸ್ವಲ್ಪ ಹೊತ್ತು ಅವನ್ನೇ ನೋಡಿದ.

"ಹ್ಯಾಂಗಿತ್ತವ್ವಾ?" ಎಂದು ಕೂಗಿದ. "ಇವತ್ತ ಕೆಮ್ಮೂ ಹಾಕೀನಿ."

ಕಾಲುಗಳು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇದ್ದವು. ಹಚ್ಚು ಎಂದು ಯಾರೂ ಹೇಳಲಿಲ್ಲ.